ಸೋತವರಿಗೆ ಮೊದಲ ಮಣೆ

1999ರ ಏಪ್ರಿಲ್ 17ರಂದು ಫಿಲಡೆಲ್ಫಿಯಾದ ಮೂವತ್ತು ಮಂದಿ ಫುಟ್‌ಬಾಲ್ ಹುಚ್ಚರು ಬಸ್ಸಿನಲ್ಲಿ ನ್ಯೂಯಾರ್ಕಿಗೆ ಬಂದಿಳಿದರು. ಅವರನ್ನು ಕಲೆಹಾಕಿದ್ದು ಆ ಊರಿನ ಡಬ್ಲ್ಯುಐಪಿ ಎಂಬ ಕ್ರೀಡಾ ರೇಡಿಯೊ ಕೇಂದ್ರದ ನಿರೂಪಕ ಆ್ಯಂಜೆಲೊ ಕಟಾಲ್ಡಿ. ಮುಂದೆ ‘ಡರ್ಟಿ ಥರ್ಟಿ’ ಎಂದೇ ಹೆಸರಾದ ಈ ದಂಡು ಪಂದ್ಯ ನೋಡಲು ಬಂದದ್ದಲ್ಲ. ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಅಂದು ನಡೆಯಬೇಕಿದ್ದದ್ದು ಹೆಸರು ಓದುವ ಸಮಾರಂಭ, ಅಷ್ಟೆ. ಹಿಂದಿನ ಋತುವಿನ 16 ಪಂದ್ಯಗಳಲ್ಲಿ ಮೂರನ್ನು ಮಾತ್ರ ಗೆದ್ದಿದ್ದ ತಮ್ಮ ಈಗಲ್ಸ್ ತಂಡ ಟೆಕ್ಸಾಸ್ ವಿಶ್ವವಿದ್ಯಾಲಯದ ರಿಕಿ ವಿಲಿಯಮ್ಸ್ ಅವರನ್ನೇ ಆರಿಸಬೇಕು ಎಂಬುದು ಅವರ ಹಟ. ಚೆಂಡನ್ನು ಬಗಲಲ್ಲಿಟ್ಟು ಎದುರಾಳಿಗಳ ನಡುವೆ ನುಗ್ಗುವುದರಲ್ಲಿ ವಿಲಿಯಮ್ಸ್ ಆ ವರ್ಷ ದೇಶಕ್ಕೇ ಹೆಸರಾಗಿದ್ದರು. ಮೇಯರ್ ಎಡ್ ರೆಂಡೆಲ್ ಕೂಡ ಇವರದೇ ಪಕ್ಷ. ಆದರೆ ವೇದಿಕೆಯಿಂದ ಕೇಳಿಬಂದ ಹೆಸರು ಡಾನೊವನ್ ಮೆಕ್‌ನ್ಯಾಬ್. ಸಿರಕ್ಯೂಸ್ ವಿಶ್ವವಿದ್ಯಾಲಯದ ಆ ಯುವಕನ ಮುಖಕ್ಕೇ ಮೂವತ್ತು ಮಂದಿ ‘ಬೂ’ ಎಂದು ಕೂಗಿದರು. ಹೊಸ ಊರಿನ ಪರವಾಗಿ ಒಂದು ಚೆಂಡನ್ನೂ ಎಸೆಯುವ ಮೊದಲೇ ಆತನಿಗೆ ಸಿಕ್ಕ ಸ್ವಾಗತ ಅದು.

ಈ ಕೋಪ ಅರ್ಥವಾಗಬೇಕಾದರೆ ಅಮೆರಿಕನ್ ಫುಟ್‌ಬಾಲಿನ ಡ್ರಾಫ್ಟ್ ಎಂಬ ಪದ್ಧತಿ ತಿಳಿದಿರಬೇಕು. ವಿಶ್ವವಿದ್ಯಾಲಯಗಳಲ್ಲಿ ಆಡಿ ಹೊರಬರುವ ಹುಡುಗರನ್ನು ನ್ಯಾಷನಲ್ ಫುಟ್‌ಬಾಲ್ ಲೀಗಿನ 32 ತಂಡಗಳು ವರ್ಷಕ್ಕೊಮ್ಮೆ ಸರದಿಯ ಪ್ರಕಾರ ಹಂಚಿಕೊಳ್ಳುತ್ತವೆ. ಐಪಿಎಲ್ ಹರಾಜಿನ ಹಾಗೆ ಇಲ್ಲಿ ಕೂಗಿಗೆ ಕೂಗು ಏರಿಸುವಂತಿಲ್ಲ. ಹಿಂದಿನ ಋತುವಿನಲ್ಲಿ ಎಲ್ಲರಿಗಿಂತ ಕೆಟ್ಟದಾಗಿ ಆಡಿದವರಿಗೆ ಮೊದಲ ಆಯ್ಕೆ, ಕಪ್ ಗೆದ್ದವರಿಗೆ ಕೊನೆಯದು. ಆರಿಸಿಕೊಂಡ ತಂಡದ ಜೊತೆಗಷ್ಟೇ ಆಟಗಾರ ಸಂಬಳದ ಮಾತಾಡಬಹುದು. ಬೆಂಗಳೂರಿಗೂ ಈ ಪದ್ಧತಿಯ ರುಚಿ ಒಮ್ಮೆ ಸಿಕ್ಕಿದೆ. 2008ರಲ್ಲಿ ಐಪಿಎಲ್‌ನವರು 19 ವರ್ಷದೊಳಗಿನ ಆಟಗಾರರನ್ನು ಹರಾಜಿಗಿಡದೆ ಡ್ರಾಫ್ಟ್ ಮೂಲಕ ಹಂಚಿದಾಗ, ದೆಹಲಿ ತಂಡ ಎಡಗೈ ವೇಗಿ ಪ್ರದೀಪ್ ಸಂಗ್ವಾನ್ ಅವರನ್ನು ಆರಿಸಿಕೊಂಡಿತು. ಅದೇ ದೆಹಲಿಯ ವಿರಾಟ್ ಕೊಹ್ಲಿ ಬೆಂಗಳೂರಿನ ಪಾಲಾದರು.

ಈ ಪದ್ಧತಿಯ ಜನಕನೂ ಫಿಲಡೆಲ್ಫಿಯಾದವನೇ. ಬರ್ಟ್ ಬೆಲ್ ದೊಡ್ಡ ಮನೆತನದ ಮಗ. ತಂದೆ ಪೆನ್ಸಿಲ್ವೇನಿಯಾ ರಾಜ್ಯದ ಅಟಾರ್ನಿ ಜನರಲ್ ಆಗಿದ್ದವರು. 1933ರಲ್ಲಿ ಬೆಲ್ ಗೆಳೆಯರ ಜೊತೆ ಸೇರಿ ಈಗಲ್ಸ್ ತಂಡ ಕಟ್ಟಿದರು. ತಂಡ ಸೋಲುತ್ತಲೇ ಹೋಯಿತು. ಒಳ್ಳೆಯ ಆಟಗಾರರೆಲ್ಲ ಹಣವೂ ಹೆಸರೂ ಇದ್ದ ಷಿಕಾಗೊ ಬೇರ್ಸ್, ನ್ಯೂಯಾರ್ಕ್ ಜೈಂಟ್ಸ್‌ನಂಥ ತಂಡಗಳತ್ತ ಹೋಗುತ್ತಿದ್ದರು. ಮಿನೆಸೋಟದ ಸ್ಟ್ಯಾನ್ ಕೋಸ್ಟ್ಕಾ ಎಂಬ ಆಟಗಾರನಿಗಾಗಿ ಪೈಪೋಟಿ ಎದ್ದಾಗ ಬೆಲ್ ಕೂಡ ಬೆನ್ನುಬಿದ್ದರು. ಆತ ಬ್ರೂಕ್ಲಿನ್ ತಂಡ ಸೇರಿದ. 1935ರ ಮೇ ತಿಂಗಳಲ್ಲಿ ತಂಡಗಳ ಒಡೆಯರು ಸಭೆ ಸೇರಿದಾಗ ಬೆಲ್ ಡ್ರಾಫ್ಟಿನ ಪ್ರಸ್ತಾಪ ಮುಂದಿಟ್ಟರು. ಬಲಿಷ್ಠ ತಂಡಗಳೂ ತಲೆಯಾಡಿಸಿದವು.

ಗೆಲ್ಲುತ್ತಿದ್ದವರು ತಮ್ಮ ಅನುಕೂಲವನ್ನು ಬಿಟ್ಟುಕೊಟ್ಟದ್ದೇಕೆ? ಬಡ ತಂಡದ ಮೇಲಿನ ಕನಿಕರ ಎಂದು ಲೀಗಿನ ಪುರಾಣ ಹೇಳುತ್ತದೆ. ಅರ್ಧ ನಿಜ ಇರಬಹುದು. ಆದರೆ ಒಬ್ಬ ಆಟಗಾರನ ಜೊತೆ ಒಂದೇ ತಂಡ ಮಾತಾಡಬಹುದು ಎಂದಾದ ಮೇಲೆ ಅವನ ಬೆಲೆ ತಾನಾಗಿ ಇಳಿಯುತ್ತದೆ. ಆ ಲಾಭ ಸೋತವರಿಗೂ ಇತ್ತು, ಗೆದ್ದವರಿಗೂ ಇತ್ತು.

ಮೊದಲ ಡ್ರಾಫ್ಟ್ ನಡೆದದ್ದು 1936ರ ಫೆಬ್ರುವರಿ 8ರಂದು, ಬೆಲ್ ಮನೆತನದ ಒಡೆತನದಲ್ಲಿದ್ದ ಫಿಲಡೆಲ್ಫಿಯಾದ ರಿಟ್ಜ್-ಕಾರ್ಲ್‌ಟನ್ ಹೋಟೆಲಿನಲ್ಲಿ. ಹಲಗೆಯ ಮೇಲೆ 90 ಹೆಸರು. ಒಂಬತ್ತು ತಂಡ, ಒಂಬತ್ತು ಸುತ್ತು, ಒಟ್ಟು 81 ಆಯ್ಕೆ. ಕೊನೆಯ ಸ್ಥಾನದಲ್ಲಿದ್ದ ಈಗಲ್ಸ್‌ಗೆ ಮೊದಲ ಸರದಿ. ಬೆಲ್ ಆರಿಸಿದ್ದು ಷಿಕಾಗೊ ವಿಶ್ವವಿದ್ಯಾಲಯದ ಜೇ ಬರ್ವ್ಯಾಂಗರ್ ಅವರನ್ನು. ಶ್ರೇಷ್ಠ ಕಾಲೇಜು ಆಟಗಾರನಿಗೆ ಸಲ್ಲುವ, ಮುಂದೆ ಹೈಸ್ಮನ್ ಟ್ರೋಫಿ ಎಂದು ಹೆಸರಾದ ಪ್ರಶಸ್ತಿಯನ್ನು ಮೊದಲಿಗೆ ಪಡೆದವರು ಅವರೇ. ಅವರು ಕೇಳಿದ ಸಂಬಳ ಕೊಡುವ ತಾಕತ್ತು ಬೆಲ್ ಅವರಿಗಿರಲಿಲ್ಲ. ಹಕ್ಕನ್ನು ಷಿಕಾಗೊ ಬೇರ್ಸ್‌ನ ಜಾರ್ಜ್ ಹಾಲಸ್ ಅವರಿಗೆ ದಾಟಿಸಿದರು. ಹಾಲಸ್ ಜೊತೆಗೂ ಚೌಕಾಸಿ ಕುದುರಲಿಲ್ಲ. ಬರ್ವ್ಯಾಂಗರ್ ಫೋಮ್ ರಬ್ಬರ್ ಕಂಪನಿಯೊಂದರ ಕೆಲಸಕ್ಕೆ ಸೇರಿದರು. ಡ್ರಾಫ್ಟಿನ ಚರಿತ್ರೆಯ ಮೊದಲ ಆಯ್ಕೆ ವೃತ್ತಿಪರ ಫುಟ್‌ಬಾಲಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ತಮ್ಮದೇ ಯೋಜನೆಯಿಂದ ಬೆಲ್‌ಗೆ ಆ ವರ್ಷ ಸಿಕ್ಕ ಫಲ ಸೊನ್ನೆ: ಆರಿಸಿದ ಒಂಬತ್ತು ಮಂದಿಯಲ್ಲಿ ಒಬ್ಬರೂ ಈಗಲ್ಸ್‌ಗೆ ಬರಲಿಲ್ಲ. ತಂಡ 12 ಪಂದ್ಯಗಳಲ್ಲಿ 11ನ್ನು ಸೋತಿತು.

ಆ ಕಾಲದಲ್ಲಿ ಅಭಿಮಾನಿಗಳು ಈ ವಿಷಯಕ್ಕೆ ಕಚ್ಚಾಡಿದ ಕುರುಹುಗಳು ಕಡಿಮೆ. ಕಚ್ಚಾಡಲು ಮಾಹಿತಿಯಾದರೂ ಬೇಕಲ್ಲ! ತಂಡಗಳಿಗೇ ಆಟಗಾರರ ಪರಿಚಯ ಇರಲಿಲ್ಲ. ಜೈಂಟ್ಸ್ ಒಡೆಯರ ಮಗ ವೆಲಿಂಗ್ಟನ್ ಮಾರಾ ಊರೂರಿನ ಪತ್ರಿಕೆಗಳನ್ನು ತರಿಸಿ ಓದಿ ಹೆಸರು ಗುರುತು ಹಾಕಿಕೊಳ್ಳುತ್ತಿದ್ದರಂತೆ; ಉಳಿದವರಿಗಿಂತ ಅವರು ಮುಂದಿದ್ದದ್ದು ಅಷ್ಟರಿಂದಲೇ. 1946ರ ಹೊತ್ತಿಗೆ ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡ ಎಡ್ಡಿ ಕೋಟಲ್ ಎಂಬುವರನ್ನು ಪೂರ್ಣಾವಧಿಯ ಸ್ಕೌಟ್ ಆಗಿ ನೇಮಿಸಿಕೊಂಡು, ಪ್ರತಿಭೆ ಹುಡುಕಲು ದೇಶ ಸುತ್ತಿಸಿತು.

ಕಂಪ್ಯೂಟರ್ ಬಂದದ್ದು ಅರವತ್ತರ ದಶಕದಲ್ಲಿ, ಅದೂ ಒಬ್ಬ ಭಾರತೀಯನ ಕೈಯಲ್ಲಿ. ಡಲ್ಲಾಸ್ ಕೌಬಾಯ್ಸ್ 1960ರಲ್ಲಿ ಹುಟ್ಟಿ ಮೊದಲ ವರ್ಷ ಒಂದು ಪಂದ್ಯವನ್ನೂ ಗೆಲ್ಲದ ತಂಡ. ಅದರ ವ್ಯವಸ್ಥಾಪಕ ಟೆಕ್ಸ್ ಶ್ರಾಮ್ ಐಬಿಎಂನ ಅಂಗಸಂಸ್ಥೆಯೊಂದರ ಮೊರೆಹೋದಾಗ ಎದುರಾದವರು ಅಲಿಗಢದಲ್ಲಿ ಓದಿ ಅಮೆರಿಕಕ್ಕೆ ಹೋಗಿದ್ದ ಸಂಖ್ಯಾಶಾಸ್ತ್ರಜ್ಞ ಸಲಾಮ್ ಖುರೇಶಿ. ಅವರಿಗೆ ಗೊತ್ತಿದ್ದದ್ದು ಕ್ರಿಕೆಟ್. ಅಮೆರಿಕನ್ ಫುಟ್‌ಬಾಲಿನ ಗಂಧಗಾಳಿ ಇರಲಿಲ್ಲ. ಬಹುಶಃ ಅದೇ ಒಳ್ಳೆಯದಾಯಿತು. ಸ್ಕೌಟ್‌ಗಳು ‘ಹುಡುಗ ಚುರುಕು’, ‘ಗಟ್ಟಿ ಗುಂಡಿಗೆ’ ಎಂದೆಲ್ಲ ಬರೆಯುತ್ತಿದ್ದದ್ದನ್ನು ಖುರೇಶಿ ಪ್ರಶ್ನಾವಳಿಯಾಗಿ, ಅಂಕಗಳಾಗಿ ಒಡೆದರು. ಹಳಬರು ಮೂಗು ಮುರಿದರು. ಕೌಬಾಯ್ಸ್ 1966ರಿಂದ 1985ರವರೆಗೆ ಒಂದು ಋತುವಿನಲ್ಲೂ ಗೆಲುವಿಗಿಂತ ಸೋಲು ಹೆಚ್ಚು ಕಾಣಲಿಲ್ಲ.

ತಂಡವನ್ನು ಬುಡದಿಂದ ಕಟ್ಟುವುದಕ್ಕೆ ಇಂದಿಗೂ ಎಲ್ಲರೂ ಬೆರಳು ತೋರಿಸುವುದು ಮಾತ್ರ ಪಿಟ್ಸ್‌ಬರ್ಗ್ ಕಡೆಗೆ. ಸ್ಟೀಲರ್ಸ್ ದಶಕಗಟ್ಟಲೆ ಸೋತ ತಂಡ. 1969ರಲ್ಲಿ ಹೊಸ ಕೋಚ್ ಚಕ್ ನೋಲ್ ಮೊದಲ ಸುತ್ತಿನಲ್ಲಿ ಆರಿಸಿದ್ದು ನಾರ್ತ್ ಟೆಕ್ಸಾಸ್‌ನ ಜೋ ಗ್ರೀನ್ ಅವರನ್ನು. ‘ಯಾವ ಜೋ?’ ಎಂದು ಊರಿನ ಪತ್ರಿಕೆಯೇ ತಲೆಬರಹ ಕೊಟ್ಟಿತು. ಆ ವರ್ಷ 14ರಲ್ಲಿ 13 ಸೋಲು. ಷಿಕಾಗೊ ಬೇರ್ಸ್ ಕೂಡ ಅಷ್ಟೇ ಸೋತಿದ್ದರಿಂದ ಮೊದಲ ಆಯ್ಕೆ ಯಾರಿಗೆ ಎಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಬೇಕಾಯಿತು. ನಾಣ್ಯ ಪಿಟ್ಸ್‌ಬರ್ಗ್ ಕಡೆ ಬಿತ್ತು; ಚೆಂಡು ಎಸೆದು ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್ ಆಗಿ ಟೆರಿ ಬ್ರ್ಯಾಡ್‌ಷಾ ಬಂದರು.

ಅದೃಷ್ಟದಷ್ಟೇ ಕೆಲಸ ಮಾಡಿದ್ದು ಬಿಲ್ ನನ್ ಎಂಬ ಪತ್ರಕರ್ತನ ಕಣ್ಣು. ಈ ಲೀಗಿನಲ್ಲಿ 1934ರಿಂದ 1945ರವರೆಗೆ ಒಬ್ಬ ಕರಿಯ ಆಟಗಾರನೂ ಇರಲಿಲ್ಲ. ಡ್ರಾಫ್ಟಿನಲ್ಲಿ ಮೊದಲ ಬಾರಿ ಕರಿಯ ಆಟಗಾರನೊಬ್ಬನ ಹೆಸರು ಕೇಳಿಬಂದದ್ದು 1949ರಲ್ಲಿ, ಇಂಡಿಯಾನಾದ ಜಾರ್ಜ್ ಟಾಲಿಯಫೆರೊ ಅವರದು. ಕರಿಯರ ಕಾಲೇಜುಗಳ ಮೈದಾನಗಳಿಗೆ ಕಾಲಿಡದ ಸ್ಕೌಟ್‌ಗಳೇ ಆಮೇಲೂ ಹೆಚ್ಚು. ಪಿಟ್ಸ್‌ಬರ್ಗ್ ಕೊರಿಯರ್ ಪತ್ರಿಕೆಗಾಗಿ ಆ ಕಾಲೇಜುಗಳ ಶ್ರೇಷ್ಠ ಆಟಗಾರರ ಪಟ್ಟಿ ಮಾಡುತ್ತಿದ್ದ ನನ್ ಅವರಿಗೆ ಅಲ್ಲಿನ ಒಬ್ಬೊಬ್ಬ ಕೋಚ್ ಕೂಡ ಪರಿಚಿತ. ಸ್ಟೀಲರ್ಸ್ ಅವರನ್ನೇ ಕೆಲಸಕ್ಕೆ ಕರೆದುಕೊಂಡಿತು. 1974ರ ಒಂದೇ ಡ್ರಾಫ್ಟಿನಲ್ಲಿ ಲಿನ್ ಸ್ವಾನ್, ಜ್ಯಾಕ್ ಲ್ಯಾಂಬರ್ಟ್, ಜಾನ್ ಸ್ಟಾಲ್‌ವರ್ತ್, ಮೈಕ್ ವೆಬ್‌ಸ್ಟರ್ ಸಿಕ್ಕರು. ನಾಲ್ವರೂ ಆಟದ ದಿಗ್ಗಜರ ಹಾಲ್ ಆಫ್ ಫೇಮ್ ಸೇರಿದವರು; ಸ್ಟಾಲ್‌ವರ್ತ್ ಕರಿಯರ ಕಾಲೇಜಾದ ಅಲಬಾಮ ಎ ಆ್ಯಂಡ್ ಎಂನಿಂದ ಬಂದವರು. ಮುಂದಿನ ಆರು ವರ್ಷಗಳಲ್ಲಿ ಆ ತಂಡ ಲೀಗಿನ ಅಂತಿಮ ಪಂದ್ಯವಾದ ಸೂಪರ್‌ಬೌಲನ್ನು ನಾಲ್ಕು ಬಾರಿ ಗೆದ್ದಿತು.

ಇತ್ತ ಫಿಲಡೆಲ್ಫಿಯಾದಲ್ಲಿ ಅಭಿಮಾನಿಗಳು ಇನ್ನೊಂದು ವಿಚಿತ್ರ ಪಾಠ ಕಲಿಯುತ್ತಿದ್ದರು. 1968ರಲ್ಲಿ ಈಗಲ್ಸ್ ಮೊದಲ 11 ಪಂದ್ಯಗಳನ್ನೂ ಸೋತಿತ್ತು. ಕೋಚ್ ಜೋ ಕುಹಾರಿಕ್ ತೊಲಗಲಿ ಎಂಬ ಬಿಲ್ಲೆಗಳು ಜನರ ಅಂಗಿಗಳ ಮೇಲೆ. ಆದರೂ ಒಂದು ಸಮಾಧಾನ ಇತ್ತು: ಹೀಗೇ ಸೋತರೆ ದೇಶದ ಅತಿ ದೊಡ್ಡ ಕಾಲೇಜು ತಾರೆ ಓ.ಜೆ. ಸಿಂಪ್ಸನ್ ತಮ್ಮವರಾಗುತ್ತಾರೆ. ಆಗ ತಂಡ ಎರಡು ಪಂದ್ಯ ಗೆದ್ದುಬಿಟ್ಟಿತು! ಒಂದೇ ಗೆಲುವಿನ ಬಫಲೊ ತಂಡ ಸಿಂಪ್ಸನ್ ಅವರನ್ನು ಒಯ್ದಿತು. ಮೂರನೆಯ ಸರದಿಗೆ ಸರಿದ ಈಗಲ್ಸ್‌ಗೆ ಸಿಕ್ಕಿದ್ದು ಲಿರಾಯ್ ಕೀಸ್. ಋತುವಿನ ಕೊನೆಯ ಪಂದ್ಯದ ದಿನ ಫ್ರ್ಯಾಂಕ್ಲಿನ್ ಫೀಲ್ಡ್ ಮೈದಾನದಲ್ಲಿ ಸಾಂತಾ ಕ್ಲಾಸ್ ವೇಷಧಾರಿಯ ಮೇಲೆ ಪ್ರೇಕ್ಷಕರು ಹಿಮದುಂಡೆ ಎಸೆದದ್ದು ಅಮೆರಿಕದಲ್ಲಿ ಇಂದಿಗೂ ಗಾದೆಯಂತೆ ಬಳಕೆಯಲ್ಲಿದೆ. ಆ ಊರಿನವರ ಒರಟುತನಕ್ಕೆ ಸಾಕ್ಷಿ ಎಂದು ಅದನ್ನು ಹೇಳುವುದುಂಟು. ಗೆದ್ದು ಕೆಟ್ಟವರ ಸಂಕಟ ಅದರಲ್ಲಿ ಎಷ್ಟಿತ್ತು ಎಂಬುದನ್ನು ಹೇಳುವವರು ಕಡಿಮೆ.

ಹೊಸದಾಗಿ ಹುಟ್ಟಿದ್ದ ಇಎಸ್‌ಪಿಎನ್ ಚಾನೆಲ್ 1980ರಲ್ಲಿ ಡ್ರಾಫ್ಟನ್ನು ನೇರ ಪ್ರಸಾರ ಮಾಡುತ್ತೇನೆಂದಾಗ ಲೀಗಿನ ಮುಖ್ಯಸ್ಥ ಪೀಟ್ ರೋಜೆಲ್ ಅವರಿಗೆ ಅಚ್ಚರಿ. ಹೋಟೆಲಿನಲ್ಲಿ ಹೆಸರು ಓದುವುದನ್ನು ಯಾರು ನೋಡುತ್ತಾರೆ? ನೋಡಿದರು. ಆ ಸುಮಾರಿಗೆ ಬ್ರೂಕ್ಲಿನ್ನಿನ ಜೋಯೆಲ್ ಬುಕ್ಸ್‌ಬಾಮ್, ಬಾಲ್ಟಿಮೋರಿನ ಮೆಲ್ ಕೈಪರ್‌ರಂಥವರು ಮನೆಯಲ್ಲಿ ಕೂತು ನೂರಾರು ಆಟಗಾರರ ಗುಣದೋಷ ಬರೆದು ಮಾರತೊಡಗಿದ್ದರು. ಅಭಿಮಾನಿಯ ಕೈಗೆ ವಾದಿಸಲು ಸರಕು ಸಿಕ್ಕಿದ್ದು ಹೀಗೆ. 1994ರಲ್ಲಿ ಇಂಡಿಯಾನಾಪೊಲಿಸ್ ಕೋಲ್ಟ್ಸ್ ತಂಡ ಐದನೆಯ ಆಯ್ಕೆಯಲ್ಲಿ ಕ್ವಾರ್ಟರ್‌ಬ್ಯಾಕ್ ಟ್ರೆಂಟ್ ಡಿಲ್ಫರ್ ಅವರನ್ನು ಬಿಟ್ಟು ಟ್ರೆವ್ ಆಲ್ಬರ್ಟ್ಸ್ ಅವರನ್ನು ಆರಿಸಿದಾಗ ಕೈಪರ್ ಟಿ.ವಿ.ಯಲ್ಲೇ ಜಾಡಿಸಿದರು. ತಂಡದ ಬಿಲ್ ಟೋಬಿನ್ ಕೆರಳಿ, ಇವನ್ಯಾರು, ನಮ್ಮ ಪಕ್ಕದ ಮನೆಯ ಅಂಚೆಯವನಿಗಿರುವಷ್ಟೇ ಯೋಗ್ಯತೆ ಇವನಿಗೂ, ಎಂಬರ್ಥದಲ್ಲಿ ಕ್ಯಾಮೆರಾ ಮುಂದೆಯೇ ತಿರುಗಿಬಿದ್ದರು. ಆಲ್ಬರ್ಟ್ಸ್ ಗಾಯಗಳಿಂದ ಮೂರೇ ವರ್ಷಕ್ಕೆ ಆಟ ಬಿಟ್ಟರು.

ಹಾಗಾದರೆ ಬಲ್ಲವರು ಯಾರು? ಅರ್ಥಶಾಸ್ತ್ರಜ್ಞರಾದ ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ ಹಲವು ವರ್ಷಗಳ ಡ್ರಾಫ್ಟ್‌ಗಳನ್ನು ಜಾಲಾಡಿದರು. ಒಂದೇ ಜಾಗಕ್ಕೆ ಆಡುವ ಇಬ್ಬರಲ್ಲಿ ಮೊದಲು ಆಯ್ಕೆಯಾದವನು ಅವನ ನಂತರ ಆಯ್ಕೆಯಾದವನಿಗಿಂತ ಚೆನ್ನಾಗಿ ಆಡುವ ಸಾಧ್ಯತೆ ಅವರ ಲೆಕ್ಕದಲ್ಲಿ ಸುಮಾರು ಶೇ 52. ಕಣ್ಣು ಮುಚ್ಚಿ ಆರಿಸಿದರೂ ಶೇ 50 ಸಿಕ್ಕೀತು. ಥೇಲರ್ ಅವರಿಗೆ 2017ರಲ್ಲಿ ನೊಬೆಲ್ ಬಂತು. ಸರದಿಗಳನ್ನು ತಮ್ಮತಮ್ಮಲ್ಲೇ ಅದಲುಬದಲು ಮಾಡಿಕೊಳ್ಳುವ ತಂಡಗಳು ಮಾತ್ರ ಮೇಲಿನ ಒಂದು ಸರದಿಗಾಗಿ ಮೂರು ನಾಲ್ಕು ಸರದಿ ತೆರುವುದನ್ನು ಬಿಡಲಿಲ್ಲ.

1999ರಲ್ಲೇ ನ್ಯೂ ಆರ್ಲಿಯನ್ಸ್ ಸೇಂಟ್ಸ್‌ನ ಕೋಚ್ ಮೈಕ್ ಡಿಟ್ಕಾ ಅದನ್ನು ತುದಿಗೆ ಮುಟ್ಟಿಸಿದರು. ಫಿಲಡೆಲ್ಫಿಯಾ ಬೇಡವೆಂದ ರಿಕಿ ವಿಲಿಯಮ್ಸ್‌ಗಾಗಿ ಆ ವರ್ಷದ ತಮ್ಮ ಎಲ್ಲ ಸರದಿಗಳನ್ನೂ, ಮೇಲೆ ಮರುವರ್ಷದ ಎರಡನ್ನೂ ಕೊಟ್ಟು ಐದನೆಯ ಸ್ಥಾನಕ್ಕೇರಿದರು. ತಂಡ 13 ಪಂದ್ಯ ಸೋತು ಡಿಟ್ಕಾ ಕೆಲಸ ಕಳೆದುಕೊಂಡರು. ವಿಲಿಯಮ್ಸ್ ಮುಂದೆ ಮಯಾಮಿಯಲ್ಲಿ ಮಿಂಚಿ, 2004ರಲ್ಲಿ ಏಕಾಏಕಿ ಆಟ ಬಿಟ್ಟು ಕ್ಯಾಲಿಫೋರ್ನಿಯಾದಲ್ಲಿ ಆಯುರ್ವೇದ ಕಲಿಯಲು ಹೋದರು, ಮತ್ತೆ ಮರಳಿದರು. ‘ಬೂ’ ಎನ್ನಿಸಿಕೊಂಡ ಮೆಕ್‌ನ್ಯಾಬ್ 11 ಋತು ಈಗಲ್ಸ್‌ಗೆ ಆಡಿ ತಂಡವನ್ನು ಸೂಪರ್‌ಬೌಲಿಗೆ ಒಯ್ದರು, ಅಲ್ಲಿ ಮೂರು ಅಂಕಗಳಿಂದ ಸೋತರು. ಬಸ್ಸು ಹತ್ತಿದವರ ಊಹೆ ತಪ್ಪಿತು, ನಿಜ. ಆದರೆ ಅದೇ ದಿನ ಕ್ಲೀವ್‌ಲೆಂಡ್ ಮೊದಲನೆಯವರಾಗಿ ಟಿಮ್ ಕೌಚ್ ಅವರನ್ನೂ ಸಿನ್ಸಿನಾಟಿ ಮೂರನೆಯವರಾಗಿ ಅಕಿಲಿ ಸ್ಮಿತ್ ಅವರನ್ನೂ ಆರಿಸಿದವು, ಇಬ್ಬರೂ ನಿಲ್ಲಲಿಲ್ಲ. ಸಂಬಳ ಪಡೆದು ತಪ್ಪಿದವರಿಗಿಂತ ಟಿಕೆಟ್ ಹಣ ಕೊಟ್ಟು ತಪ್ಪಿದವರನ್ನು ಹೆಚ್ಚು ಹಂಗಿಸುವುದು ನ್ಯಾಯವಲ್ಲ.

ಈ ಗದ್ದಲದಲ್ಲಿ ಹೆಚ್ಚಾಗಿ ಕೇಳಿಸದ ದನಿ ಆಟಗಾರನದು. ವಾಷಿಂಗ್ಟನ್ ತಂಡ 1968ರಲ್ಲಿ ಆರಿಸಿದ್ದ ಜೇಮ್ಸ್ ‘ಯಾಜೂ’ ಸ್ಮಿತ್ ಮೊದಲ ಋತುವಿನಲ್ಲೇ ಕುತ್ತಿಗೆಗೆ ಪೆಟ್ಟಾಗಿ ಆಟ ಕಳೆದುಕೊಂಡು ನ್ಯಾಯಾಲಯಕ್ಕೆ ಹೋದರು. ಪೈಪೋಟಿಯನ್ನೇ ಕೊಲ್ಲುವ ಈ ಡ್ರಾಫ್ಟ್ ಕಾನೂನುಬಾಹಿರ ಎಂದು 1976ರಲ್ಲಿ ತೀರ್ಪು ಬಂತು. ಮರುವರ್ಷ ಆಟಗಾರರ ಸಂಘದ ಜೊತೆ ಒಪ್ಪಂದ ಮಾಡಿಕೊಂಡು, ಸುತ್ತುಗಳನ್ನು 17ರಿಂದ 12ಕ್ಕೆ ಇಳಿಸಿ, ಲೀಗ್ ಅದನ್ನು ಉಳಿಸಿಕೊಂಡಿತು. ಈಗ ಏಳು ಸುತ್ತು.

ಬೆಲ್ ಊರಿಗೆ ಡ್ರಾಫ್ಟ್ 2017ರಲ್ಲಿ ಮರಳಿತು, ಹೋಟೆಲಿಗಲ್ಲ, ಆರ್ಟ್ ಮ್ಯೂಸಿಯಮ್ಮಿನ ಮೆಟ್ಟಿಲುಗಳ ಬಳಿಗೆ. ಮೂರು ದಿನಗಳಲ್ಲಿ ಎರಡೂವರೆ ಲಕ್ಷ ಜನ ಸೇರಿದರು ಎಂಬುದು ಲೀಗಿನ ಲೆಕ್ಕ. 2024ರಲ್ಲಿ ಡೆಟ್ರಾಯಿಟಿನಲ್ಲಿ ಅದು ಏಳೂಮುಕ್ಕಾಲು ಲಕ್ಷ ಮುಟ್ಟಿತು. ಊಹೆಗಳು ಮಾತ್ರ ಹಳೆಯ ಹಾಗೇ ತಪ್ಪುತ್ತಿದ್ದವು. ಈಗಲ್ಸ್ 2016ರಲ್ಲಿ ಎರಡನೆಯ ಸರದಿಗೇರಲು ರಾಶಿ ಸರದಿಗಳನ್ನು ತೆತ್ತು ತಂದ ಕ್ವಾರ್ಟರ್‌ಬ್ಯಾಕ್ ಕಾರ್ಸನ್ ವೆಂಟ್ಜ್ ಮರುವರ್ಷವೇ ಗಾಯಗೊಂಡರು. 2018ರ ಫೆಬ್ರುವರಿಯಲ್ಲಿ ಊರಿಗೆ ಮೊದಲ ಸೂಪರ್‌ಬೌಲ್ ತಂದದ್ದು ಬದಲಿ ಆಟಗಾರ ನಿಕ್ ಫೋಲ್ಸ್, 2012ರ ಮೂರನೆಯ ಸುತ್ತಿನ ಆಯ್ಕೆ.

2020ರ ಡ್ರಾಫ್ಟ್ ಬಗ್ಗೆ ಅಲ್ಲಿ ಇನ್ನೂ ಜಗಳ ಮುಗಿದಿಲ್ಲ. 21ನೆಯ ಸರದಿಯಲ್ಲಿ ಈಗಲ್ಸ್ ಜೇಲೆನ್ ರೇಗರ್ ಅವರನ್ನು ಆರಿಸಿತು. ಮರುಕ್ಷಣವೇ ಮಿನೆಸೋಟ ಆರಿಸಿದ ಜಸ್ಟಿನ್ ಜೆಫರ್ಸನ್ ಎಸೆದ ಚೆಂಡು ಹಿಡಿಯುವ ರಿಸೀವರ್‌ಗಳಲ್ಲಿ ಲೀಗಿನ ಅತ್ಯುತ್ತಮರ ಸಾಲಿಗೆ ಸೇರಿದರು. ಎರಡನೆಯ ಸುತ್ತಿನ 53ನೆಯ ಸರದಿಯಲ್ಲಿ, ವೆಂಟ್ಜ್ ಇರುವಾಗಲೇ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಜೇಲೆನ್ ಹರ್ಟ್ಸ್ ಅವರನ್ನು ತಂದಾಗ ಅಭಿಮಾನಿಗಳು ಹೌಹಾರಿದರು. 2025ರ ಫೆಬ್ರುವರಿ 9ರಂದು ಕ್ಯಾನ್ಸಸ್ ಸಿಟಿಯನ್ನು 40–22ರಿಂದ ಬಡಿದ ಸೂಪರ್‌ಬೌಲಿನಲ್ಲಿ ಪಂದ್ಯಶ್ರೇಷ್ಠರಾದವರು ಅದೇ ಹರ್ಟ್ಸ್. ಗೆದ್ದದ್ದರಿಂದ ಆ ಏಪ್ರಿಲ್‌ನಲ್ಲಿ ಈಗಲ್ಸ್‌ಗೆ ಕೊನೆಯ, 32ನೆಯ ಸರದಿ ಸಿಕ್ಕಿತು. ಅಷ್ಟಕ್ಕೂ ಸುಮ್ಮನಿರದೆ, ತಾವೇ ಸೋಲಿಸಿದ್ದ ಕ್ಯಾನ್ಸಸ್ ಸಿಟಿಗೆ ಐದನೆಯ ಸುತ್ತಿನ ಒಂದು ಆಯ್ಕೆಯನ್ನು ಹೆಚ್ಚುವರಿಯಾಗಿ ಕೊಟ್ಟು ಒಂದೇ ಒಂದು ಮೆಟ್ಟಿಲು ಮೇಲೇರಿ, ಭುಜದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ ಅಲಬಾಮದ ಜಿಹಾದ್ ಕ್ಯಾಂಬೆಲ್ ಅವರನ್ನು ಆರಿಸಿದರು.