ಮಳೆಗಾಲದಲ್ಲಿ ಮುನಿಯುವ ಹಳೆಯ ಕಾರು: ಬಿಡಿಭಾಗ ಬದಲಿಸುವ ಮುನ್ನ ಪರೀಕ್ಷೆ ಅಗತ್ಯ

ಶಿವಮೊಗ್ಗ: ಹಿಂದಿನ ಸಂಜೆಯವರೆಗೂ ಚೆನ್ನಾಗಿಯೇ ಓಡಿದ ಅಂಬಾಸಿಡರ್ ಕಾರು ಆರಿದ್ರಾ ಮಳೆ ಹಿಡಿದ ಮರುದಿನ ಬೆಳಿಗ್ಗೆ ಎಷ್ಟು ಸೆಲ್ಫ್ ಹೊಡೆದರೂ ಚಾಲೂ ಆಗುವುದಿಲ್ಲ. ಮಾಲೀಕರು ಮೊದಲು ಬ್ಯಾಟರಿಯನ್ನು, ನಂತರ ಕಾಯಿಲನ್ನು, ಕೊನೆಗೆ ಡಿಸ್ಟ್ರಿಬ್ಯೂಟರನ್ನೇ ಬದಲಿಸುತ್ತಾರೆ. ಇಷ್ಟೆಲ್ಲ ಖರ್ಚಾದ ಮೇಲೆ ದೋಷವಿದ್ದುದು ತೇವ ಹಿಡಿದ ಒಂದು ಕ್ಯಾಪಿನಲ್ಲಿ ಅಥವಾ ಸಡಿಲಗೊಂಡ ಒಂದು ತಂತಿಯಲ್ಲಿ ಎಂಬುದು ತಿಳಿದುಬರುತ್ತದೆ. ಹಳೆಯ ಪೆಟ್ರೋಲ್ ಕಾರುಗಳ ವಿದ್ಯುತ್ ತೊಂದರೆಗಳಲ್ಲಿ ಬಹುಪಾಲು ಈ ಬಗೆಯವೇ ಆಗಿವೆ. ಹನ್ನೆರಡು ವೋಲ್ಟಿನ ಒಂದು ಟೆಸ್ಟ್ ಲ್ಯಾಂಪ್ ಹಾಗೂ ಹತ್ತು ನಿಮಿಷದ ತಾಳ್ಮೆ ಇದ್ದರೆ ಅವುಗಳನ್ನು ಪತ್ತೆ ಹಚ್ಚಬಹುದು.

1957ರಲ್ಲಿ ಆರಂಭವಾದ ಅಂಬಾಸಿಡರ್ ಉತ್ಪಾದನೆಯು 2014ರಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ನಿಂತುಹೋಯಿತು. ಪ್ರೀಮಿಯರ್ ಪದ್ಮಿನಿ ಅದಕ್ಕೂ ಮೊದಲೇ ಮರೆಯಾಗಿತ್ತು. ಆದ್ದರಿಂದ ಕಾರಿನೊಂದಿಗೆ ಬಂದ ಮೂಲ ಬಿಡಿಭಾಗವನ್ನು ಸುಮ್ಮನೆ ಎಸೆಯುವುದು ನಷ್ಟದ ಬಾಬತ್ತು. ಈಗ ಅಂಗಡಿಗಳಲ್ಲಿ ದೊರೆಯುವ ಕೆಲವು ಕಂಡೆನ್ಸರ್ ಮತ್ತು ರೋಟರುಗಳು ಮೂವತ್ತು ವರ್ಷ ದುಡಿದ ಹಳೆಯದಕ್ಕಿಂತ ಕಳಪೆಯಾಗಿರುವುದೂ ಉಂಟು.

ಸೆಲ್ಫ್ ತಿರುಗದಿದ್ದರೆ

ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೆದು ನೋಡುವುದು ಮೊದಲ ಪರೀಕ್ಷೆ. ಬೆಳಕು ಪೂರ್ತಿ ಕುಂದಿದರೆ ಒಂದೋ ಬ್ಯಾಟರಿ ಇಳಿದಿರುತ್ತದೆ, ಇಲ್ಲವೇ ಅದರ ಟರ್ಮಿನಲ್‌ಗಳಿಗೆ ಬಿಳಿ ಬೂಷ್ಟು ಕಟ್ಟಿರುತ್ತದೆ. ವಿಶ್ರಾಂತಿಯಲ್ಲಿರುವ ಬ್ಯಾಟರಿ 12.6 ವೋಲ್ಟ್‌ನಷ್ಟು ತೋರಿಸಬೇಕು. 12.2ಕ್ಕೆ ಇಳಿದರೆ ಅರ್ಧದಷ್ಟು ಖಾಲಿ ಎಂದೇ ತಿಳಿಯಬೇಕು.

ಬ್ಯಾಟರಿ ಸರಿಯಿದ್ದೂ ಸೆಲ್ಫ್ ಮುಕ್ಕರಿಯುತ್ತಿದ್ದರೆ ಎಂಜಿನ್ನಿನಿಂದ ಬಾಡಿಗೆ ಹೋಗುವ ಅರ್ಥಿಂಗ್ ಪಟ್ಟಿಯನ್ನು ನೋಡಬೇಕು. ಎಂಜಿನ್ ರಬ್ಬರಿನ ಮೇಲೆ ಕುಳಿತಿರುವುದರಿಂದ ವಿದ್ಯುತ್ತಿಗೆ ಮರಳುವ ದಾರಿ ಈ ಪಟ್ಟಿಯೇ. ಅದು ತುಕ್ಕು ಹಿಡಿದರೆ ವಿದ್ಯುತ್ತು ಚೋಕ್ ಕೇಬಲ್ ಅಥವಾ ಆಕ್ಸಿಲರೇಟರ್ ಕೇಬಲ್ ಮೂಲಕ ಹರಿಯಲು ಯತ್ನಿಸುತ್ತದೆ. ಸೆಲ್ಫ್ ಹೊಡೆದಾಗ ಚೋಕ್ ಕೇಬಲ್ ಬಿಸಿಯಾದರೆ ದೋಷ ಎಲ್ಲಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಡೀಸೆಲ್ ಅಂಬಾಸಿಡರ್‌ಗೆ ಕಿಡಿಯ ವ್ಯವಸ್ಥೆಯೇ ಇಲ್ಲದ ಕಾರಣ ಅದರ ಮಾಲೀಕರಿಗೆ ಮುಖ್ಯವಾಗಿ ಅನ್ವಯಿಸುವುದು ಇಷ್ಟೇ.

ಸೆಲ್ಫ್ ತಿರುಗಿಯೂ ಎಂಜಿನ್ ಹಿಡಿಯದಿದ್ದರೆ

ಬ್ಯಾಟರಿಯ 12 ವೋಲ್ಟ್ ವಿದ್ಯುತ್ತು ಇಗ್ನಿಷನ್ ಸ್ವಿಚ್ ದಾಟಿ ಕಾಯಿಲಿಗೆ, ಅಲ್ಲಿಂದ ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟಿಗೆ ಹರಿಯುತ್ತದೆ. ಪಾಯಿಂಟ್ ತೆರೆದ ಕ್ಷಣ ಹರಿವು ಕಡಿದು ಕಾಯಿಲಿನಲ್ಲಿ ಸಾವಿರಾರು ವೋಲ್ಟ್ ಹುಟ್ಟುತ್ತದೆ. ಅದು ಕ್ಯಾಪ್ ಮತ್ತು ರೋಟರ್ ಮೂಲಕ ಸರದಿಯಂತೆ ಪ್ಲಗ್‌ಗಳಿಗೆ ತಲುಪುತ್ತದೆ. ಮಳೆಗಾಲದ ತೇವ ಕಾಡುವುದು ಹೆಚ್ಚಾಗಿ ಈ ಎರಡನೆಯ ಭಾಗವನ್ನು. ಅಷ್ಟು ಒತ್ತಡದ ವಿದ್ಯುತ್ತು ಪ್ಲಗ್ಗಿನ ತುದಿಗಿಂತ ಕ್ಯಾಪಿನ ಒದ್ದೆ ಮೈಯನ್ನೇ ಸುಲಭದ ದಾರಿಯಾಗಿ ಆರಿಸಿಕೊಳ್ಳುತ್ತದೆ. ಒಮ್ಮೆ ಹಾಗೆ ಸೋರಿದ ಜಾಡಿನಲ್ಲಿ ಪೆನ್ಸಿಲ್ ಗೀರಿನಂಥ ಕಪ್ಪು ಗೆರೆ ಉಳಿಯುತ್ತದೆ. ಗೆರೆಯಿಲ್ಲದ ಕ್ಯಾಪನ್ನು ಒಣಬಟ್ಟೆಯಿಂದ ಒರೆಸಿದರೆ ಸಾಕು. ಗೆರೆ ಬಿದ್ದದ್ದನ್ನು ಮಾತ್ರ ಬದಲಿಸಲೇಬೇಕು.

ಕಿಡಿಯ ಪರೀಕ್ಷೆಗೆ ಮುನ್ನ ಪೆಟ್ರೋಲ್ ಸೋರಿಕೆ ಅಥವಾ ವಾಸನೆ ಇಲ್ಲವೆಂದು ಖಚಿತಪಡಿಸಿಕೊಳ್ಳತಕ್ಕದ್ದು. ಕಾಯಿಲಿನಿಂದ ಬರುವ ನಡುವಿನ ವೈರನ್ನು ಕ್ಯಾಪಿನಿಂದ ಕಿತ್ತು, ರಬ್ಬರ್ ಹಿಡಿಯ ಇಕ್ಕುಳದಲ್ಲಿ ಎಂಜಿನ್ ಬ್ಲಾಕಿನಿಂದ ಐದಾರು ಮಿ.ಮೀ. ದೂರದಲ್ಲಿ ಹಿಡಿದು ಸೆಲ್ಫ್ ಹೊಡೆಸಬೇಕು. ಬರಿಗೈಯಲ್ಲಿ ಹಿಡಿಯುವ ಸಾಹಸ ಸಲ್ಲದು. ನೀಲಿ ಕಿಡಿ ಚಟಪಟ ಹಾರಿದರೆ ಕಾಯಿಲ್, ಪಾಯಿಂಟ್ ನಿರಪರಾಧಿಗಳು. ರೋಟರ್, ಕ್ಯಾಪ್, ಪ್ಲಗ್ ವೈರ್‌ಗಳತ್ತ ಗಮನ ಹರಿಸಬಹುದು. ಕಿಡಿ ಹಳದಿಯಾಗಿ ನಿಶ್ಶಕ್ತವಾಗಿದ್ದರೆ ಕಂಡೆನ್ಸರ್ ಅಥವಾ ಸುಟ್ಟ ಪಾಯಿಂಟ್ ಮೇಲೆ ಸಂಶಯ ಪಡಬಹುದು.

ಕಿಡಿಯೇ ಇಲ್ಲದಿದ್ದಾಗ ಟೆಸ್ಟ್ ಲ್ಯಾಂಪ್ ನೆರವಿಗೆ ಬರುತ್ತದೆ. ಅದರ ಒಂದು ತುದಿಯನ್ನು ಬಾಡಿಗೆ ಸೇರಿಸಿ, ಇಗ್ನಿಷನ್ ಹಾಕಿ, ಮತ್ತೊಂದನ್ನು ಕಾಯಿಲಿನ ಸ್ವಿಚ್ ಕಡೆಯ ತುದಿಗೆ ಮುಟ್ಟಿಸಬೇಕು. ದೀಪ ಹತ್ತದಿದ್ದರೆ ಸ್ವಿಚ್ ಅಥವಾ ಅಲ್ಲಿಂದ ಬರುವ ತಂತಿಯದೇ ತಪ್ಪು. ಹತ್ತಿದರೆ ಪಾಯಿಂಟ್ ಕಡೆಯ ತುದಿಗೆ ಮುಟ್ಟಿಸಿ ಎಂಜಿನ್ ತಿರುಗಿಸಬೇಕು. ದೀಪ ಮಿನುಗಬೇಕು: ಪಾಯಿಂಟ್ ತೆರೆದಾಗ ಹತ್ತಿ, ಮುಚ್ಚಿದಾಗ ಆರಬೇಕು. ಸದಾ ಹತ್ತಿಯೇ ಇದ್ದರೆ ಪಾಯಿಂಟ್ ಕೂಡುತ್ತಿಲ್ಲ, ಅಥವಾ ಅದರ ಮುಖ ಕೊಳೆಯಾಗಿದೆ. ಸದಾ ಆರಿದ್ದರೆ ಪಾಯಿಂಟ್ ತೆರೆಯುತ್ತಿಲ್ಲ, ಕಂಡೆನ್ಸರ್ ಶಾರ್ಟ್ ಆಗಿದೆ ಅಥವಾ ಕಾಯಿಲಿನ ಒಳತಂತಿ ಕಡಿದಿದೆ. ಹೊಸ ಪಾಯಿಂಟ್ ಕೂರಿಸಿದ ಕೂಡಲೇ ಹೀಗಾದರೆ ಕಂಡೆನ್ಸರನ್ನು ದೂರುವ ಮೊದಲು ಅಲ್ಲಿನ ಪುಟ್ಟ ಇನ್ಸುಲೇಟಿಂಗ್ ವಾಷರ್ ತಪ್ಪು ಜಾಗದಲ್ಲಿ ಕೂತಿದೆಯೇ ಎಂದು ನೋಡುವುದು ಒಳ್ಳೆಯದು. ಅನುಭವಿಗಳೂ ಎಡವುವ ಜಾಗವಿದು.

1489 ಸಿ.ಸಿ. ಪೆಟ್ರೋಲ್ ಅಂಬಾಸಿಡರ್‌ನ ಪಾಯಿಂಟ್ ಅಂತರ 0.35ರಿಂದ 0.40 ಮಿ.ಮೀ. ಪದ್ಮಿನಿಯ ಅಳತೆ ಬೇರೆಯಾದ್ದರಿಂದ ಅದರ ಕೈಪಿಡಿಯನ್ನೇ ನೋಡಬೇಕು. ಎರಡರಲ್ಲೂ ಕಿಡಿಯ ಸರದಿ 1-3-4-2. ವೈರ್‌ಗಳನ್ನು ಕೀಳುವ ಮುನ್ನ ಗುರುತು ಹಾಕಿಟ್ಟರೆ ಮುಂದಿನ ಫಜೀತಿ ತಪ್ಪುತ್ತದೆ.

ಬೇಸಿಗೆಯ ತೊಂದರೆ ಬೇರೆ

ಏಪ್ರಿಲ್ ಬಿಸಿಲಿನಲ್ಲಿ ಶಿವಮೊಗ್ಗದಿಂದ ಭದ್ರಾವತಿಗೆ ಬಿ.ಎಚ್. ರಸ್ತೆಯಲ್ಲಿ ಹೊರಟ ಕಾರು ನಡುದಾರಿಯಲ್ಲಿ ನಿಂತು, ಅರ್ಧ ಗಂಟೆ ತಣಿದ ಮೇಲೆ ತಾನಾಗಿಯೇ ಚಾಲೂ ಆಗುವುದುಂಟು. ಬಿಸಿಗೆ ಸೋಲುವ ಕಾಯಿಲ್ ಅಥವಾ ಕಂಡೆನ್ಸರ್ ಇದಕ್ಕೆ ಕಾರಣವಿರಬಹುದು. ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿ ಹರಿವು ನಿಂತಿದ್ದರೂ ಲಕ್ಷಣ ಇದೇ. ತಣಿದ ಮೇಲೆ ಗ್ಯಾರೇಜಿಗೆ ಒಯ್ದರೆ ಯಾವ ಮೆಕ್ಯಾನಿಕ್‌ಗೂ ದೋಷ ಕಾಣಿಸದು. ಆದ್ದರಿಂದ ಗಾಡಿಯನ್ನು ರಸ್ತೆಯಂಚಿಗೆ ಸರಿಸಿ, ನಿಂತ ಆ ಕ್ಷಣದಲ್ಲೇ ಕಿಡಿಯನ್ನು ಪರೀಕ್ಷಿಸಬೇಕು. ಕಿಡಿ ಬಲವಾಗಿದ್ದರೆ ಇಂಧನದ ಕಡೆ ನೋಡಬೇಕು. ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಬಳಕೆಗೆ ಬಂದ ಮೇಲೆ ಹಳೆಯ ರಬ್ಬರ್ ಪೈಪುಗಳ ತಪಾಸಣೆಯೂ ಅನಿವಾರ್ಯವಾಗಿದೆ. ಬಿರುಕು ಬಿಟ್ಟ ಪೈಪಿನ ಪಕ್ಕದಲ್ಲಿ ಸೋರುವ ಕಿಡಿಯಿದ್ದರೆ ಬೆಂಕಿಗೆ ಬೇರೇನೂ ಬೇಡ.

ಬೆಂಕಿಯ ಮತ್ತೊಂದು ಮೂಲ ಫ್ಯೂಸ್. ಹಾರಿಹೋದ ಫ್ಯೂಸಿನ ಜಾಗದಲ್ಲಿ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವ ಅಭ್ಯಾಸವನ್ನು ಜಾಣತನವೆಂದು ಭಾವಿಸುವವರಿದ್ದಾರೆ. ಬೆಳ್ಳಿ ಕಾಗದ ಹಾರುವುದಿಲ್ಲ, ತಂತಿ ಸುಡುತ್ತದೆ. ಮಲೆನಾಡಿನ ಶೆಡ್ಡುಗಳಲ್ಲಿ ತಿಂಗಳುಗಟ್ಟಲೆ ನಿಂತ ಕಾರಿನ ವೈರಿಂಗನ್ನು ಇಲಿ ಕಡಿದಿರುವ ಸಂಭವವೂ ಇದೆ.

ಚಾರ್ಜಿಂಗ್ ಕುರಿತು ಒಂದು ಸಣ್ಣ ಲೆಕ್ಕ. 60 ವಾಟ್‌ನ ಎರಡು ಹೆಡ್‌ಲೈಟ್‌ಗಳಿಗೇ 10 ಆಂಪಿಯರ್ ಬೇಕು. ಹಳೆಯ ಡೈನಮೋ ಕೊಡುವುದು ಹೆಚ್ಚೆಂದರೆ ಇಪ್ಪತ್ತು ಚಿಲ್ಲರೆ ಆಂಪಿಯರ್, ಅದೂ ವೇಗದಲ್ಲಿದ್ದಾಗ. ಮಳೆಯ ರಾತ್ರಿ ವೈಪರ್, ಹಾರ್ನ್, ಮೇಲಿಂದ ಹಾಡಿನ ಪೆಟ್ಟಿಗೆ ಎಲ್ಲ ಸೇರಿದರೆ ಬ್ಯಾಟರಿ ಬೆಳಗಾಗುವಷ್ಟರಲ್ಲಿ ಬರಿದಾಗಿರುತ್ತದೆ.

ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದರೆ ಈ ತಾಪತ್ರಯಗಳಲ್ಲಿ ಕೆಲವು ತಪ್ಪುತ್ತವೆ. ಆದರೆ ಕೇಂದ್ರ ಸರ್ಕಾರದ 2021ರ ನಿಯಮದಂತೆ ವಿಂಟೇಜ್ ನೋಂದಣಿ ಬಯಸುವ ಕಾರು 50 ವರ್ಷ ಮೀರಿದ್ದು, ಗಣನೀಯ ಬದಲಾವಣೆಗೆ ಒಳಗಾಗಿರಬಾರದು. ಆದ್ದರಿಂದ ಬದಲಿಸುವವರು ಕಳಚಿದ ಪಾಯಿಂಟ್, ಕಂಡೆನ್ಸರ್‌ಗಳನ್ನು ಜೋಪಾನವಾಗಿ ಎತ್ತಿಡುವುದು ಲೇಸು. ಹೊಸ ಎಲೆಕ್ಟ್ರಾನಿಕ್ ಘಟಕ ದಾರಿಯಲ್ಲಿ ಕೈಕೊಟ್ಟರೆ ಅದನ್ನು ಅಲ್ಲಿಯೇ ರಿಪೇರಿ ಮಾಡಲಾಗದು. ಹಳೆಯ ಪಾಯಿಂಟನ್ನು ಮರಳಿ ಜೋಡಿಸಿ ಊರು ತಲುಪಬಹುದು.