ಬಿಸಿಲಿನ ಲೆಕ್ಕ: ಬೆಳಗಾವಿ ಸೀಮೆಯ ಹಗಲು ಬೆಳಕು ಮತ್ತು ಛಾಯಾಗ್ರಹಣ

ಛಾಯಾಗ್ರಹಣ ಹುಟ್ಟಿದ ಮೇಲೆ ಹಲವು ದಶಕಗಳ ಕಾಲ ಅದಕ್ಕಿದ್ದ ದೀಪ ಸೂರ್ಯನೊಬ್ಬನೇ. ಯಾವ ತಿಂಗಳು ಯಾವ ಹೊತ್ತಿಗೆ ಬಿಸಿಲು ಎಷ್ಟು ಗಟ್ಟಿ, ಮೋಡ ಕವಿದರೆ ಎಷ್ಟು ಕಡಿಮೆ, ಗೋಡೆಯ ನೆರಳು ಎಲ್ಲಿಗೆ ಸರಿಯುತ್ತದೆ ಎಂಬುದು ಆಗ ಹವ್ಯಾಸದ ಮಾತಾಗಿರಲಿಲ್ಲ, ಕಸುಬಿನ ಅಡಿಪಾಯವಾಗಿತ್ತು. ದಿನವೂ ಬೆಳಕನ್ನು ಗಮನಿಸುವ ರೂಢಿ ಹೇಗೆ ಬೆಳೆಯಿತು, ಯಾವಾಗ ಸಡಿಲವಾಯಿತು ಎಂಬುದನ್ನು ಬೆಳಗಾವಿ, ಖಾನಾಪುರ ಮತ್ತು ಸುತ್ತಲಿನ ಕನ್ನಡ ನಾಡಿನ ಚಿತ್ರಗಳ ಜಾಡಿನಲ್ಲಿ ಚೆನ್ನಾಗಿ ಕಾಣಬಹುದು.

ಖಾನಾಪುರ ತಾಲ್ಲೂಕಿನ ಪೂರ್ವಭಾಗದಲ್ಲಿರುವ ಪಾರಿಶ್ವಾಡ ಎರಡು ಬಗೆಯ ಬೆಳಕಿನ ನಡುವಿನ ಊರು. ಪಡುವಣಕ್ಕೆ ಜಾಂಬೋಟಿ, ಕಣಕುಂಬಿಗಳ ಮಳೆಕಾಡು. ಮೂಡಣಕ್ಕೆ ಬೈಲಹೊಂಗಲದ ಕಡೆಗೆ ಬಿಚ್ಚಿಕೊಳ್ಳುವ ಎರೆನೆಲದ ಬಯಲು. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಕಾಡಿನಿಂದ ಬಯಲಿಗೆ ಹರಿಯುವ ಹಾದಿಯೂ ಇದೇ ತಾಲ್ಲೂಕಿನದು. ಕಾಡಿನೊಳಗೆ ಬಿಸಿಲು ಎಲೆಗಳ ಸಂದಿಯಿಂದ ಹಸಿರಾಗಿ ಸೋಸಿ ಬರುತ್ತದೆ. ಬಯಲಿನಲ್ಲಿ ಎರೆಮಣ್ಣು ಬೆಳಕನ್ನು ಹೀರಿಕೊಳ್ಳುತ್ತದೆ, ಕೊಯ್ಲಾದ ಮೇಲಿನ ಜೋಳದ ದಂಟು ಅದನ್ನು ಮೇಲಕ್ಕೆ ಚೆಲ್ಲುತ್ತದೆ. ಕೆಲವೇ ಮೈಲಿಗಳ ಅಂತರದಲ್ಲಿ ಒಂದೇ ಹೊತ್ತಿನ ಎರಡು ಚಿತ್ರಗಳು ಬೇರೆ ಬೇರೆ ನಾಡಿನವು ಎನ್ನುವಷ್ಟು ಬೇರೆಯಾಗಿ ಕಾಣುವುದು ಇದರಿಂದಲೇ.

ಇಲ್ಲಿನ ಅಕ್ಷಾಂಶ ಸುಮಾರು 15.7 ಡಿಗ್ರಿ ಉತ್ತರ. ಡಿಸೆಂಬರ್ ಕೊನೆಗೆ ನಡುಹಗಲಲ್ಲೂ ಸೂರ್ಯ ದಿಗಂತದಿಂದ 51 ಡಿಗ್ರಿಗಿಂತ ಮೇಲೇರುವುದಿಲ್ಲ. ಒಂದು ಮೀಟರ್ ಕೋಲಿನ ನೆರಳು ಉತ್ತರಕ್ಕೆ 80 ಸೆಂಟಿಮೀಟರಿನಷ್ಟು ಚಾಚುತ್ತದೆ. ಮೇ ಮೊದಲ ವಾರ ಮತ್ತು ಆಗಸ್ಟ್ ಎರಡನೆಯ ವಾರದ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೆ ನೇರ ನಿಲ್ಲುತ್ತಾನೆ. ಆ ಎರಡು ದಿನಗಳ ನಡುವಿನ ಮೂರು ತಿಂಗಳು ಮಧ್ಯಾಹ್ನದ ಸೂರ್ಯ ಇರುವುದು ಉತ್ತರದಲ್ಲಿ, ನೆರಳು ಬೀಳುವುದು ದಕ್ಷಿಣಕ್ಕೆ. ಗಡಿಯಾರದ ಹನ್ನೆರಡು ಗಂಟೆ ಇಲ್ಲಿ ನಡುಹಗಲೂ ಅಲ್ಲ. ಭಾರತದ ಕಾಲಮಾನ 82.5 ಡಿಗ್ರಿ ರೇಖಾಂಶದ್ದು, ಈ ಸೀಮೆ ಇರುವುದು 74.6ರ ಆಸುಪಾಸಿನಲ್ಲಿ. ಹಾಗಾಗಿ ಸೂರ್ಯ ಅತಿ ಎತ್ತರಕ್ಕೆ ಬರುವುದು ಸರಾಸರಿ 12.30ರ ನಂತರ, ನವೆಂಬರ್ ಮೊದಲಲ್ಲಿ ಅದು 12.15ಕ್ಕೆ ಹಿಂದೆ ಸರಿದರೆ ಫೆಬ್ರವರಿ ನಡುವಿಗೆ 12.45 ದಾಟುತ್ತದೆ. ಎಳೆಬಿಸಿಲಿನ ಆಯುಷ್ಯವೂ ಕಡಿಮೆ. ಉದಯವಾದ ಮೇಲೆ ಸೂರ್ಯ ಆರು ಡಿಗ್ರಿ ಏರಲು ಇಲ್ಲಿ 25 ನಿಮಿಷ ಸಾಕು. ಲಂಡನ್ನಿನಲ್ಲಿ ಸಮಹಗಲಿನ ದಿನವೂ ಅದಕ್ಕೆ 40 ನಿಮಿಷದ ಹತ್ತಿರ ಬೇಕು. ಯುರೋಪಿನಲ್ಲಿ ಬರೆದ ಛಾಯಾಗ್ರಹಣದ ಕೈಪಿಡಿಗಳು ಇಲ್ಲಿ ಪೂರ್ತಿ ಒಗ್ಗದೆ ಹೋದದ್ದಕ್ಕೆ ಇಂಥ ಅಂತರಗಳೂ ಕಾರಣ.

ಡಗೇರ್ ತನ್ನ ಛಾಯಾಗ್ರಹಣ ವಿಧಾನವನ್ನು ಪ್ಯಾರಿಸ್ಸಿನಲ್ಲಿ ಬಹಿರಂಗಪಡಿಸಿದ್ದು 1839ರಲ್ಲಿ. ಈ ಸೀಮೆಯ ಮಟ್ಟಿಗೆ ಆ ವರ್ಷ ಸ್ವಲ್ಪ ತಡವಾಯಿತು. ಸಂಗೊಳ್ಳಿ ರಾಯಣ್ಣನನ್ನು ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ. ಕಿತ್ತೂರು ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡದ್ದು 1829ರಲ್ಲಿ. ಇವರಿಬ್ಬರ ಮುಖ ಇಂದು ಮನೆಮನೆಯ ಗೋಡೆಯ ಮೇಲಿದ್ದರೂ ಅದು ಕಲಾವಿದರ ಕಲ್ಪನೆಯ ಮುಖ. ಒಂದೇ ದಶಕದ ಅಂತರದಲ್ಲಿ ಈ ನಾಡಿನ ಅತಿ ಪ್ರೀತಿಯ ಎರಡು ಮುಖಗಳು ಕ್ಯಾಮೆರಾಕ್ಕೆ ಸಿಗದೆ ಹೋದವು.

ಕನ್ನಡ ನಾಡಿನ ಕಲ್ಲು ಕಟ್ಟಡಗಳನ್ನು ಕ್ಯಾಮೆರಾ ಹುಡುಕಿಕೊಂಡು ಬಂದದ್ದು 1850ರ ದಶಕದಲ್ಲಿ. ಮದ್ರಾಸ್ ಸೈನ್ಯದ ಲಿನ್ನೇಯಸ್ ಟ್ರೈಪ್ 1854ರ ಡಿಸೆಂಬರಿನಲ್ಲಿ ಹಳೇಬೀಡು, ಬೇಲೂರುಗಳ ಚಿತ್ರ ತೆಗೆದರು. ಮರುವರ್ಷ ಬಾಂಬೆ ಸರ್ಕಾರ ಫಿರಂಗಿದಳದ ಥಾಮಸ್ ಬಿಗ್ಸ್ ಅವರನ್ನು ಬಿಜಾಪುರ, ಬಾದಾಮಿ, ಐಹೊಳೆಗಳ ಕಡೆಗೆ ಕಳಿಸಿತು. ಅವರನ್ನು ಮತ್ತೆ ಸೈನ್ಯಕ್ಕೆ ಕರೆಸಿಕೊಂಡಾಗ ಆ ಕೆಲಸ ವೈದ್ಯರಾಗಿದ್ದ ವಿಲಿಯಂ ಪಿಗೂ ಅವರ ಕೈಗೆ ಬಂತು. ಬಿಗ್ಸ್, ಪಿಗೂ ಮತ್ತು ಇನ್ನೊಬ್ಬ ವೈದ್ಯ ಆಂಡ್ರ್ಯೂ ನೀಲ್ ತೆಗೆದ ಚಿತ್ರಗಳು 1866ರಲ್ಲಿ ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪ ಕುರಿತ ದೊಡ್ಡ ಗ್ರಂಥವಾಗಿ ಲಂಡನ್ನಿನಲ್ಲಿ ಪ್ರಕಟವಾದವು. ಅದಕ್ಕೆ ಇತಿಹಾಸದ ಟಿಪ್ಪಣಿ ಬರೆದವರು ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್.

ಆ ಕಾಲದ ಚಿತ್ರಕಾರರಿಗೆ ಎರಡು ದಾರಿಗಳಿದ್ದವು. 1851ರಲ್ಲಿ ಬಳಕೆಗೆ ಬಂದ ಒದ್ದೆ ಕೊಲೋಡಿಯನ್ ವಿಧಾನದಲ್ಲಿ ಗಾಜಿನ ಮೇಲೆ ಲೇಪ ಹಚ್ಚಿ, ಅದು ಆರುವ ಮುನ್ನವೇ ಚಿತ್ರ ತೆಗೆದು ತೊಳೆಯಬೇಕಿತ್ತು. ಬಯಲುಸೀಮೆಯ ಏಪ್ರಿಲ್ ಗಾಳಿಗೆ ಆ ಲೇಪ ನಿಮಿಷಗಳಲ್ಲಿ ಒಣಗುತ್ತಿತ್ತು. ಮೇಣ ಹಚ್ಚಿದ ಕಾಗದದ ನೆಗೆಟಿವ್ ಇನ್ನೊಂದು ದಾರಿ. ಅದನ್ನು ದಿನಗಳ ಮೊದಲೇ ಸಿದ್ಧ ಮಾಡಿ ಚೀಲದಲ್ಲಿ ಒಯ್ಯಬಹುದಿತ್ತು. ಬದಲಿಗೆ ಪ್ರಖರ ಬಿಸಿಲಿನಲ್ಲೂ ಲೆನ್ಸನ್ನು ಹಲವು ನಿಮಿಷ ತೆರೆದಿಡಬೇಕಿತ್ತು. ಎತ್ತಿನ ಗಾಡಿಯಲ್ಲಿ ತಿರುಗುವವರಿಗೆ ಎರಡನೆಯದೇ ಅನುಕೂಲ. ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪಿಯ ದೊಡ್ಡ ಅಳತೆಯ ನೆಗೆಟಿವ್‌ಗಳನ್ನು ಮಾಡಿದ್ದೂ ಮೇಣದ ಕಾಗದದ ಮೇಲೆಯೇ. ಲೆನ್ಸ್ ತೆರೆದಿರುವಾಗಲೇ ನೆರಳು ಸರಿಯುತ್ತದೆ, ಗಾಳಿಗೆ ಮರ ಅಲುಗುತ್ತದೆ, ಜನ ನಡೆದು ಮಾಯವಾಗುತ್ತಾರೆ. ಹಳೆಯ ಚಿತ್ರಗಳಲ್ಲಿ ಗುಡಿಯ ಅಂಗಳಗಳು ಬಿಕೋ ಎನ್ನುವುದಕ್ಕೆ ಊರು ಪಾಳು ಬಿದ್ದದ್ದೊಂದೇ ಕಾರಣವಲ್ಲ.

ಇನ್ನೊಂದು ಮಿತಿ ಬಣ್ಣದ್ದು, ಮತ್ತು ಬೆಳಕಿನ ಇತಿಹಾಸದಲ್ಲಿ ಇದು ಎಲ್ಲಕ್ಕಿಂತ ಕುತೂಹಲದ ವಿಷಯ. ಆಗಿನ ರಾಸಾಯನಿಕ ಲೇಪಗಳಿಗೆ ಕಾಣುತ್ತಿದ್ದುದು ನೀಲಿ, ನೇರಳೆ ಬೆಳಕು ಮಾತ್ರ. ಕೆಂಪಿಗೆ ಅವು ಕುರುಡು. ನೀಲಿ ಆಕಾಶ ಮೋಡಗಳ ಸಮೇತ ಬಿಳಿ ಹಾಳೆಯಾಗುತ್ತಿತ್ತು. ಮಸಾರಿ ಮಣ್ಣು, ಖಾನಾಪುರದ ಕೆಂಪು ಹೆಂಚು, ಅಲ್ಲಿನ ಕುಂಬಾರರ ಗಡಿಗೆ ಎಲ್ಲವೂ ಕಪ್ಪಾಗಿ ಮೂಡುತ್ತಿದ್ದವು. ಇಂದಿನ ಛಾಯಾಗ್ರಾಹಕರು ಕಾದು ನಿಲ್ಲುವ ಹೊನ್ನಬಣ್ಣದ ಇಳಿಬಿಸಿಲು ಅಂದಿನವರಿಗೆ ನಿರುಪಯೋಗಿ, ಏಕೆಂದರೆ ಸೂರ್ಯ ಕೆಳಗಿಳಿದಂತೆ ನೀಲಿ ಕಿರಣಗಳು ಗಾಳಿಯಲ್ಲೇ ಚೆದುರಿಹೋಗುತ್ತವೆ. ಕಣ್ಣಿಗೆ ಇನ್ನೂ ಬೇಕಾದಷ್ಟು ಬೆಳಕಿದ್ದಾಗ ಪ್ಲೇಟಿಗೆ ಕತ್ತಲಾಗಿರುತ್ತಿತ್ತು. ಕಣ್ಣು ಕಾಣುವ ಬೆಳಕು ಬೇರೆ, ಪ್ಲೇಟು ಕಾಣುವ ಬೆಳಕು ಬೇರೆ ಎಂದು ಅರಿಯುವುದು ಈ ಕಸುಬಿನ ಮೊದಲ ಪಾಠ. ಜರ್ಮನಿಯ ಹರ್ಮನ್ ಫೋಗೆಲ್ 1873ರಲ್ಲಿ ಲೇಪಕ್ಕೆ ಬಣ್ಣಗಳನ್ನು ಬೆರೆಸಿ ಹಸಿರಿನತ್ತ ಅದರ ದೃಷ್ಟಿಯನ್ನು ಹಿಗ್ಗಿಸಿದರು. ಕೆಂಪನ್ನೂ ಕಾಣುವ ಪ್ಲೇಟುಗಳು ಮಾರುಕಟ್ಟೆಗೆ ಬಂದದ್ದು 20ನೆಯ ಶತಮಾನದ ಮೊದಲ ದಶಕದಲ್ಲಿ.

ಬೆಳಗಾವಿ ಜಿಲ್ಲೆಯ ಪಾಲಿಗೆ 1874 ಮುಖ್ಯ ವರ್ಷ. ಪಶ್ಚಿಮ ಭಾರತದ ಪುರಾತತ್ವ ಸರ್ವೇಕ್ಷಣೆಯ ಮೊದಲ ಋತುವಿನ ಕೆಲಸಕ್ಕೆ ಜೇಮ್ಸ್ ಬರ್ಜೆಸ್ ಆಯ್ದುಕೊಂಡದ್ದು ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳನ್ನು. ಕಾಲ ಜನವರಿಯಿಂದ ಮೇ. ತಿರುಗಾಟಕ್ಕೆ ದಾರಿ ಒಣಗಿರಬೇಕು ಎಂಬುದರ ಜೊತೆಗೆ ಬೆಳಕಿನ ದೃಷ್ಟಿಯಿಂದಲೂ ಅದು ತಕ್ಕ ಕಾಲ. ಜನವರಿಯ ಓರೆಬಿಸಿಲು ಕೆತ್ತನೆಯ ಅಂಚುಗಳನ್ನು ಎತ್ತಿ ತೋರಿಸುತ್ತದೆ. ಮೇ ತಿಂಗಳ ನೆತ್ತಿಬಿಸಿಲಿಗೆ ಕಂಬದ ಮೇಲಿನ ಬಳ್ಳಿ ಚಪ್ಪಟೆಯಾಗಿ, ಸೂರಿನ ನೆರಳು ಅರ್ಧ ಗೋಡೆಯನ್ನು ನುಂಗುತ್ತದೆ. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರಲ್ಲಿ ಬೆಳಗಾವಿಯ ಕೋಟೆಯಲ್ಲಿ ಕಟ್ಟಿಸಿದ ಕಮಲಬಸದಿಯ ಚಾವಣಿಯ ಭುವನೇಶ್ವರಿ, ಅದರಿಂದ ಇಳಿಬಿದ್ದ ಕಲ್ಲಿನ ಕಮಲ, ನೇರ ಬಿಸಿಲು ಕಾಣದ ಜಾಗದಲ್ಲಿವೆ. ನೆಲದ ಹಾಸಿನಿಂದ ಪುಟಿದು ಮೇಲೇರುವ ಬೆಳಕೇ ಅವುಗಳಿಗೆ ಆಧಾರ. ಗೋವೆಯ ಕದಂಬರ ಕಾಲದ ಹಲಸಿಯ ಭೂವರಾಹ ನರಸಿಂಹ ಗುಡಿಯಲ್ಲಿ ಎರಡು ಗರ್ಭಗುಡಿಗಳು ಎದುರುಬದುರಾಗಿವೆ; ಒಂದರ ಮುಖಕ್ಕೆ ಬೆಳಕು ಬಂದ ಹೊತ್ತು ಇನ್ನೊಂದರ ಬೆನ್ನಿಗೆ ಇರುತ್ತದೆ. ಸರ್ವೇಕ್ಷಣೆಯ ಹೆನ್ರಿ ಕೌಸೆನ್ಸ್ ಈ ಭಾಗದ ಗುಡಿಗಳಲ್ಲಿ ವರ್ಷಗಟ್ಟಲೆ ದುಡಿದು 1926ರಲ್ಲಿ ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುಶಿಲ್ಪದ ಗ್ರಂಥ ಹೊರತಂದರು. ಅದರ ಪಟಗಳನ್ನು ನೋಡುವಾಗ ನೆರಳಿನ ಕೋನವನ್ನೂ ಗಮನಿಸಬೇಕು. ಒಳ್ಳೆಯ ಪಟಗಳ ಹಿಂದೆ ಗುಡಿಯ ಮುಂದೆ ಕಾದು ಕುಳಿತ ತಾಳ್ಮೆಯಿದೆ.

ಒಣ ಜೆಲಟಿನ್ ಪ್ಲೇಟು 1880ರ ಹೊತ್ತಿಗೆ ಎಲ್ಲೆಡೆ ದೊರೆಯತೊಡಗಿ ನಿಮಿಷಗಳ ಲೆಕ್ಕ ಸೆಕೆಂಡಿಗೆ ಇಳಿಯಿತು. ಅದೇ ದಶಕದಲ್ಲಿ ದಕ್ಷಿಣ ಮರಾಠಾ ರೈಲ್ವೆ ಈ ಸೀಮೆಗೆ ಹಳಿ ಹಾಕಿತು. ಪ್ಲೇಟು, ಕಾಗದ, ಔಷಧಗಳ ಸಾಗಾಟ ಸುಲಭವಾಯಿತು. ದಂಡು ಬೀಡುಬಿಟ್ಟ ಊರುಗಳು ಭಾರತದುದ್ದಕ್ಕೂ ಸ್ಟುಡಿಯೊಗಳಿಗೆ ಮೊದಲ ನೆಲೆಯಾದವು. ಆ ಸ್ಟುಡಿಯೊ ಒಂದು ಬೆಳಕಿನ ಯಂತ್ರ. ಚಾವಣಿಯಲ್ಲಿ ಉತ್ತರಕ್ಕೆ ಇಳಿಜಾರಾದ ಗಾಜು, ಅದರ ಕೆಳಗೆ ಹಗ್ಗದಿಂದ ಎಳೆಯುವ ಬಿಳಿ ಪರದೆಗಳು, ಕುಳಿತವರ ಪಕ್ಕದಲ್ಲಿ ನೆರಳನ್ನು ತಿಳಿಗೊಳಿಸುವ ಬಿಳಿ ಹಲಗೆ. ಉತ್ತರದ ಗಾಜಿಗೆ ನೇರ ಬಿಸಿಲು ತಾಗದು ಎಂಬುದು ಯುರೋಪಿನ ಅನುಭವ. ಬೆಳಗಾವಿಯ ಅಕ್ಷಾಂಶದಲ್ಲಿ ಮೇ ತಿಂಗಳಿಂದ ಆಗಸ್ಟ್‌ವರೆಗೆ ಸೂರ್ಯನೇ ಉತ್ತರಕ್ಕೆ ಬರುವುದರಿಂದ ಆ ನಿಯಮ ಮುರಿಯುತ್ತದೆ. ಜೂನ್, ಜುಲೈಗಳಲ್ಲಿ ಮುಂಗಾರು ಮೋಡವೇ ಪರದೆಯಾಗಿ ನಿಲ್ಲುವುದರಿಂದ ನಿಜವಾದ ತೊಂದರೆ ಮೇ ತಿಂಗಳದ್ದು ಮಾತ್ರ. ಅದು ಮದುವೆಯ ಕಾಲವೂ ಹೌದು.

ಪ್ರಿಂಟು ಕೂಡ ಬಿಸಿಲಿನದೇ ಕೆಲಸ. ನೆಗೆಟಿವ್ ಮತ್ತು ಬೆಳ್ಳಿ ಲವಣದ ಕಾಗದವನ್ನು ಚೌಕಟ್ಟಿನಲ್ಲಿ ಬಿಗಿದು ಮಾಳಿಗೆಯ ಮೇಲೆ ಇಡುತ್ತಿದ್ದರು. ಚೌಕಟ್ಟಿನ ಹಿಂಬದಿಯನ್ನು ಅರ್ಧ ತೆರೆದು ಚಿತ್ರ ಎಷ್ಟು ಕಪ್ಪಾಯಿತೆಂದು ಆಗಾಗ ನೋಡುತ್ತಿದ್ದರು. ಮಳೆಗಾಲದಲ್ಲಿ ಮೋಡ ದಟ್ಟವಾದರೆ ಚಿತ್ರ ತೆಗೆಯುವುದೂ, ಪ್ರಿಂಟು ಮಾಡುವುದೂ, ಒಣಗಿಸುವುದೂ ಒಟ್ಟಿಗೆ ನಿಧಾನವಾಗುತ್ತಿದ್ದವು.

ಇಂಥ ಕೆಲಸದಲ್ಲಿ ನೆನಪಿನ ಮೇಲೆ ಭರವಸೆ ಇಡಲಾಗದು. ಬೆಳಕಿನ ದಿನಚರಿ ಹುಟ್ಟಿದ್ದು ಈ ಅಗತ್ಯದಿಂದ. ತಾರೀಖು, ಹೊತ್ತು, ಆಕಾಶದ ಸ್ಥಿತಿ, ಲೆನ್ಸಿನ ಕಿಂಡಿಯ ಅಳತೆ, ತೆರೆದಿಟ್ಟ ಕಾಲ, ಫಲ ಹೀಗೆ ಸಾಲುಗಳನ್ನು ತುಂಬುತ್ತ ಹೋದರೆ ಒಂದು ವರ್ಷಕ್ಕೆ ಆ ಊರಿನದೇ ಬೆಳಕಿನ ಪಂಚಾಂಗ ಸಿದ್ಧ. ಇಂಗ್ಲೆಂಡಿನ ಬರೋಸ್ ವೆಲ್ಕಮ್ ಕಂಪನಿ 20ನೆಯ ಶತಮಾನದ ಮೊದಲ ದಶಕಗಳಲ್ಲಿ ಇದಕ್ಕೆಂದೇ ಪ್ರತಿವರ್ಷ ಕಿಸೆಯಲ್ಲಿಡುವ ಡೈರಿ ಮಾರುತ್ತಿತ್ತು. ತಿಂಗಳು ಹಾಗೂ ಹೊತ್ತಿನ ಬೆಳಕಿನ ಕೋಷ್ಟಕ, ತಿರುಗಿಸಿ ಲೆಕ್ಕ ಹಾಕುವ ಬಿಲ್ಲೆ ಅದರಲ್ಲೇ ಇದ್ದವು. ಆಲ್ಫ್ರೆಡ್ ವಾಟ್ಕಿನ್ಸ್ ಅವರ ಕಿಸೆಗಡಿಯಾರದಂಥ ಮಾಪಕದಲ್ಲಿ ಬೆಳಕಿಗೆ ಕಪ್ಪಾಗುವ ಕಾಗದದ ತುಣುಕಿತ್ತು. ಅದು ಪಕ್ಕದ ಬಣ್ಣಕ್ಕೆ ಸರಿಹೊಂದಲು ಹಿಡಿದ ಸೆಕೆಂಡುಗಳೇ ಬೆಳಕಿನ ಅಳತೆ. ದಿನನಿತ್ಯದ ಛಾಯಾಗ್ರಹಣ ವಿಜ್ಞಾನಕ್ಕೆ ಏನು ಕೊಡಬಲ್ಲದು ಎಂಬುದಕ್ಕೆ ಇಂದು ಬೆಂಗಳೂರಿನ ಭಾರತೀಯ ತಾರಾಭೌತ ಸಂಸ್ಥೆಗೆ ಸೇರಿರುವ ಕೊಡೈಕೆನಾಲ್ ವೀಕ್ಷಣಾಲಯ ಸಾಕ್ಷಿ. ಮೋಡವಿಲ್ಲದ ದಿನಗಳಲ್ಲೆಲ್ಲ ಸೂರ್ಯನ ಚಿತ್ರ ತೆಗೆಯುವ ಕೆಲಸ ಅಲ್ಲಿ 1904ರಲ್ಲಿ ಶುರುವಾಯಿತು. ಸೂರ್ಯನ ಕಲೆಗಳು ಹೆಚ್ಚಿ ಕುಗ್ಗುವ ಸುಮಾರು 11 ವರ್ಷಗಳ ಆವರ್ತನವನ್ನು ಅಭ್ಯಸಿಸುವವರು ಆ ಪ್ಲೇಟುಗಳನ್ನು ಇಂದಿಗೂ ಬಳಸುತ್ತಾರೆ.

ಸುರುಳಿ ಫಿಲ್ಮು ಬಂದ ಮೇಲೆ ಕ್ಯಾಮೆರಾ ಸ್ಟುಡಿಯೊದ ಹೊರಗಿನವರ ಕೈಗೂ ಸೇರಿತು. ಈಸ್ಟ್‌ಮನ್‌ನ ಕೊಡ್ಯಾಕ್ 1888ರದು, ಅಗ್ಗದ ಬ್ರೌನಿ 1900ರದು. ಭಾರತದಲ್ಲಿ 1960, 70ರ ದಶಕಗಳ ಮಧ್ಯಮವರ್ಗದ ಮನೆಗಳಿಗೆ ಪರಿಚಿತವಾದದ್ದು ಆಗ್ಫಾ ಕ್ಲಿಕ್ III. ಒಂದು ರೀಲಿಗೆ 12 ಚಿತ್ರ. ಅದರಲ್ಲಿ ಆಯ್ಕೆ ಎಂದರೆ ಬಿಸಿಲೋ ಮೋಡವೋ ಎಂಬುದಷ್ಟೆ. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆ ‘ಇಂದು’ ಹೆಸರಿನ ಕಪ್ಪು ಬಿಳುಪು ಫಿಲ್ಮು ತಯಾರಿಸಿತು. ಮೀಟರು ಇಲ್ಲದವರಿಗೆ ನೆರವಾದದ್ದು ಬಾಯಿಪಾಠದ ಒಂದು ಸೂತ್ರ: ತಿಳಿ ಬಿಸಿಲಿದ್ದರೆ ಕಿಂಡಿ ಎಫ್ 16, ವೇಗ ಒಂದು ಸೆಕೆಂಡಿನಲ್ಲಿ ಫಿಲ್ಮಿನ ಸಂಖ್ಯೆಯಷ್ಟನೆಯ ಒಂದು ಭಾಗ. ಬಿಸಿಲು ಮಬ್ಬಾದರೆ 11, ತೆಳುಮೋಡಕ್ಕೆ 8, ದಟ್ಟ ಮೋಡಕ್ಕೆ 5.6. ಹನ್ನೆರಡು ಚಿತ್ರಗಳ ರೀಲು ಮುಗಿಯಲು ತಿಂಗಳುಗಳೇ ಹಿಡಿಯುತ್ತಿದ್ದ ಮನೆಗಳಲ್ಲಿ ಒಂದೊಂದು ಚಿತ್ರಕ್ಕೂ ಅಂಗಳದಲ್ಲಿ ಜಾಗ, ಹೊತ್ತು ನೋಡಿ ನಿಲ್ಲಿಸುತ್ತಿದ್ದರು.

ಕನ್ನಡ ನಾಡಿನಲ್ಲಿ ಈ ಗಮನಿಕೆಯನ್ನು ಎತ್ತರಕ್ಕೆ ಒಯ್ದವರಲ್ಲಿ ಇಬ್ಬರನ್ನು ಹೆಸರಿಸಲೇಬೇಕು. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಪತ್ರಿಕಾ ಛಾಯಾಗ್ರಹಣವನ್ನೇ ಬದುಕಾಗಿಸಿಕೊಂಡು, ಯುನಿಸೆಫ್‌ಗಾಗಿಯೂ ದುಡಿದು, 1977ರಲ್ಲಿ ಪದ್ಮಶ್ರೀ ಪಡೆದರು. ಮಕ್ಕಳು, ಶಾಲೆ, ಬೀದಿ, ದುಡಿಮೆ ಅವರ ವಸ್ತು. ದಿನದ ಬದುಕು ತನ್ನದೇ ಬೆಳಕಿನಲ್ಲಿ ಎಷ್ಟು ಘನವಾಗಿ ಕಾಣಬಲ್ಲದೆಂದು ಆ ಚಿತ್ರಗಳು ತೋರಿಸುತ್ತವೆ. ಸಂಡೂರಿನ ಎಂ.ವೈ. ಘೋರ್ಪಡೆ (1931–2011) ರಾಜ್ಯದ ಹಣಕಾಸು ಸಚಿವರಾಗಿದ್ದವರು, ಕಾಡುಪ್ರಾಣಿಗಳನ್ನು ಕಪ್ಪು ಬಿಳುಪಿನಲ್ಲೇ ಹಿಡಿದವರು. 1983ರ ಅವರ ಪುಸ್ತಕದ ಹೆಸರು ‘ಸನ್‌ಲೈಟ್ ಅಂಡ್ ಶ್ಯಾಡೋಸ್’. ಅದನ್ನು ಅವರು ಛಾಯಾಗ್ರಾಹಕನ ದಿನಚರಿ ಎಂದೇ ಕರೆದರು. ಬಣ್ಣವಿಲ್ಲದ ಚಿತ್ರದಲ್ಲಿ ಆನೆಯ ಚರ್ಮದ ಸುಕ್ಕು, ಜಿಂಕೆಯ ಕಿವಿಯ ಅಂಚು ಎಲ್ಲವನ್ನೂ ಬೆಳಕು ನೆರಳುಗಳೇ ಬಿಡಿಸಬೇಕು. ಅದಕ್ಕೆ ಹೊತ್ತಿನ ಆಯ್ಕೆಯೇ ಮುಕ್ಕಾಲು ಕೆಲಸ.

ಕ್ಯಾಮೆರಾದೊಳಗೇ ಮೀಟರು ಸೇರಿ, ಬಣ್ಣದ ರೀಲು ಅಗ್ಗವಾಗಿ, ಫ್ಲ್ಯಾಶು ಎಲ್ಲರಿಗೂ ಎಟಕಿದಾಗ ಈ ಲೆಕ್ಕ ಸಡಿಲವಾಯಿತು. ಮೊಬೈಲ್ ಫೋನು ಹಲವು ಎಕ್ಸ್‌ಪೋಷರ್‌ಗಳನ್ನು ತಾನೇ ಬೆಸೆದು ನೆರಳನ್ನು ಎತ್ತುತ್ತದೆ, ಆಕಾಶವನ್ನು ತಗ್ಗಿಸುತ್ತದೆ. ಪಾರಿಶ್ವಾಡದ ಮೇ ಮಧ್ಯಾಹ್ನವೂ ಅದರಲ್ಲಿ ಸಹ್ಯವಾಗಿ ಕಾಣುತ್ತದೆ. ಅದೇ ಫೋನು ಪ್ರತಿ ಚಿತ್ರದೊಳಗೆ ತಾರೀಖು, ಗಂಟೆ, ಕಿಂಡಿ, ವೇಗಗಳನ್ನು ಸದ್ದಿಲ್ಲದೆ ಬರೆದಿಡುತ್ತದೆ. ದಿನಕ್ಕೊಂದು ಚಿತ್ರ ತೆಗೆಯುವ ರೂಢಿ ಹಿಡಿದವರು ಒಂದೇ ಹೊಲ, ಒಂದೇ ಮರವನ್ನು ಒಂದೇ ಜಾಗದಿಂದ ವರ್ಷವಿಡೀ ತೆಗೆದರೆ ಎರೆಯ ಬಿರುಕು, ಮುಂಗಾರಿನ ಮಬ್ಬು, ಅಕ್ಟೋಬರದ ತೊಳೆದ ಆಕಾಶ, ಡಿಸೆಂಬರದ ಉದ್ದ ನೆರಳು ಎಲ್ಲವೂ ಸಾಲಾಗಿ ದಾಖಲಾಗುತ್ತವೆ. ಒಂದೇ ಜಾಗಕ್ಕೆ ಮರಳುವ ಈ ಕ್ರಮಕ್ಕೆ ಕರ್ನಾಟಕದಲ್ಲೇ ಹಿರಿಯ ಮಾದರಿಯಿದೆ. ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ 1983ರಲ್ಲಿ ಹಂಪಿಗೆ ಬಂದು ಗ್ರೀನ್‌ಲಾ 1856ರಲ್ಲಿ ಕ್ಯಾಮೆರಾ ಇಟ್ಟ ಜಾಗಗಳನ್ನು ಹುಡುಕಿ, ಅಲ್ಲಿಂದಲೇ ಮತ್ತೆ ಚಿತ್ರ ತೆಗೆದರು. 127 ವರ್ಷಗಳಲ್ಲಿ ಯಾವ ಗೋಪುರ ಕುಸಿಯಿತು, ಯಾವ ಮಂಟಪ ಉಳಿಯಿತು ಎಂದು ಆ ಜೋಡಿ ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ ತಿಳಿಯುತ್ತದೆ.