ಮಠದ ಗಂಟೆ, ಮನೆಯ ಪಾಳಿ

ಸವದತ್ತಿ, ಬೈಲಹೊಂಗಲ ಸೀಮೆಯ ಹಳೆಯ ಒಕ್ಕಲುತನದಲ್ಲಿ ಸೋಮವಾರ ಎತ್ತು ಹೂಡುವ ರೂಢಿ ಇರಲಿಲ್ಲ. ಅದು ಬಸವಣ್ಣನ ದಿನ. ಹೊಲದಲ್ಲಿ ಎಷ್ಟೇ ಹದವಿದ್ದರೂ ಎತ್ತಿನ ಹೆಗಲ ಮೇಲೆ ಅಂದು ನೊಗ ಬೀಳುತ್ತಿರಲಿಲ್ಲ. ಎತ್ತಿಗೆ ಬಿಡುವು ಸಿಕ್ಕರೆ ಒಕ್ಕಲಿಗನಿಗೂ ಅರ್ಧ ಬಿಡುವು ಸಿಕ್ಕಂತೆಯೇ. ಮಲಪ್ರಭೆಯ ನೀರು, ಕಬ್ಬು, ಟ್ರ್ಯಾಕ್ಟರು ಬಂದ ಮೇಲೆ ಈ ಲೆಕ್ಕ ತಪ್ಪಿತು. ಟ್ರ್ಯಾಕ್ಟರಿಗೆ ಸೋಮವಾರವೂ ಒಂದೇ, ಮಂಗಳವಾರವೂ ಒಂದೇ. ಚಚಡಿಯಂಥ ಊರಿನಲ್ಲಿ ಕರೆಂಟು ಯಾವಾಗ ಬರುತ್ತದೋ ಆಗ ಪಂಪು ಚಾಲೂ ಆಗಬೇಕು. ಅದು ನಡುರಾತ್ರಿಯಾದರೂ ಸರಿ. ದುಡಿಮೆಗೆ ಎಲ್ಲೆ ಹಾಕುವವರು ಯಾರು ಎಂಬ ಪ್ರಶ್ನೆ ನಗರದ ಕಚೇರಿಗಳಿಗೆ ಮಾತ್ರ ಸೇರಿದ್ದಲ್ಲ.

ಇದೇ ಪ್ರಶ್ನೆಯನ್ನು ಬಹು ಹಿಂದೆ ಎತ್ತಿಕೊಂಡವರಲ್ಲಿ ಕ್ರೈಸ್ತ ಸನ್ಯಾಸಿಗಳೂ ಒಬ್ಬರು. ಆ ಪರಂಪರೆಯ ಒಂದು ಎಳೆ ಈ ಸೀಮೆಗೂ ಬಂದು ಸೇರಿದೆ. ಬೈಲಹೊಂಗಲ ತಾಲ್ಲೂಕಿನ ದೇಶನೂರಿನಲ್ಲಿ ‘ಸ್ನಾನಿಕ ಅರುಳಪ್ಪನವರ ವಿರಕ್ತ ಮಠ’ ಇದೆ. ಹೆಸರು ಕೇಳಿದವರು ಇದು ಯಾವುದೋ ಶರಣರ ಗದ್ದುಗೆ ಇರಬೇಕೆಂದುಕೊಂಡರೆ ತಪ್ಪಲ್ಲ. ಅರುಳಪ್ಪ ಎಂದರೆ ಕನ್ನಡ ಕಥೋಲಿಕರ ಮಾತಿನಲ್ಲಿ ಯೋಹಾನ. ಸ್ನಾನಿಕ ಅರುಳಪ್ಪನೆಂದರೆ ಜನರಿಗೆ ಜೋರ್ಡಾನ್ ನದಿಯಲ್ಲಿ ದೀಕ್ಷಾಸ್ನಾನ ಮಾಡಿಸಿದ ಪ್ರವಾದಿ. ಕಳೆದ ಶತಮಾನದ ಉತ್ತರಾರ್ಧದಲ್ಲಿ ಯೇಸುಸಭೆಯ ಪಾದ್ರಿಗಳು ಇಲ್ಲಿ ಕಾವಿ ಉಟ್ಟು, ಶಾಕಾಹಾರಿಗಳಾಗಿ, ಲಿಂಗಾಯತ ವಿರಕ್ತಮಠದ ನಡೆನುಡಿಯನ್ನು ತಮ್ಮದಾಗಿಸಿಕೊಂಡು ಬದುಕಿದರು. ಜನ ಅವರನ್ನು ಸ್ವಾಮಿಗಳೆಂದೇ ಕರೆದರು.

ಇದರಲ್ಲಿ ಒಂದು ಸೋಜಿಗವಿದೆ. ಯೇಸುಸಭೆಯವರು ಕಟ್ಟುನಿಟ್ಟಾದ ಅರ್ಥದಲ್ಲಿ ಮಠವಾಸಿಗಳೇ ಅಲ್ಲ. ಇಗ್ನೇಷಿಯಸ್ ಲೊಯೊಲಾ ಕಟ್ಟಿದ, 1540ರಲ್ಲಿ ಪೋಪರ ಮನ್ನಣೆ ಪಡೆದ ಈ ಸಂಘ ಊರೂರು ಸುತ್ತುವವರ ಸಂಘ; ದಿನಕ್ಕೆ ಇಷ್ಟು ಸಲ ಒಟ್ಟಾಗಿ ಕುಳಿತು ಕೀರ್ತನೆ ಹಾಡಬೇಕೆಂಬ ಮಠದ ಕಟ್ಟಳೆಯಿಂದ ಅದು ಬೇಕೆಂದೇ ಬಿಡುಗಡೆ ಪಡೆದಿತ್ತು. 17ನೇ ಶತಮಾನದಲ್ಲಿ ಮಧುರೆಯ ರಾಬರ್ಟೊ ಡಿ ನೊಬಿಲಿ ಸನ್ಯಾಸಿಯ ವೇಷ ತೊಟ್ಟದ್ದು ಈ ಸಂಘದ ಹಳೆಯ ಕಥೆ. ಅಂಥ ತಿರುಗಾಟದವರು ಬೆಳಗಾವಿಯ ಬಯಲಿಗೆ ಬಂದಾಗ ಮಠ ಕಟ್ಟಿಕೊಂಡು ಕೂತರು. ಇಲ್ಲಿಯ ಜನಕ್ಕೆ ದೇವರ ಮಾತು ಹೇಳುವವನು ಮಠದಲ್ಲಿರಬೇಕು, ಅಲ್ಲಿ ಹಸಿದವನಿಗೆ ಅನ್ನ ಸಿಗಬೇಕು. ಊರೇ ಅವರಿಗೆ ಮಠವನ್ನು ಕಲಿಸಿತು ಎನ್ನಬಹುದು.

ಮೂಲದ ಕ್ರೈಸ್ತ ಮಠ ಯಾವುದು ಎಂದು ಹುಡುಕಿದರೆ ಈಜಿಪ್ಟಿನ ಮರಳುಗಾಡಿಗೆ ಹೋಗಬೇಕಾಗುತ್ತದೆ. ಮೂರು-ನಾಲ್ಕನೇ ಶತಮಾನದಲ್ಲಿ ಊರು ಬಿಟ್ಟು ಅಲ್ಲಿ ನೆಲೆಸಿದ ಆಂಟನಿ ಈ ಪರಂಪರೆಯ ಹಿರಿಯ. ಮರಳುಗಾಡಿನ ಹಿರಿಯರ ಬಗ್ಗೆ ಹಬ್ಬಿದ ಕಥೆಗಳು ಮುಂದೆ ಸಂಗ್ರಹವಾದವು. ಅವುಗಳಲ್ಲಿ ಒಂದು ಇದು: ಆಂಟನಿ ಶಿಷ್ಯರೊಡನೆ ನಗುತ್ತ ಹರಟುತ್ತಿದ್ದುದನ್ನು ಕಂಡ ಬೇಟೆಗಾರನೊಬ್ಬ ತಪಸ್ವಿಗಳಿಗೆ ಇದು ತಕ್ಕದ್ದೇ ಎಂದು ಮುಖ ಸಿಂಡರಿಸಿದ. ಆಂಟನಿ ಅವನಿಗೆ ಬಿಲ್ಲಿಗೆ ಬಾಣ ಹೂಡಿ ಬಿಡಲು ಹೇಳಿದ. ಬಿಟ್ಟ. ಇನ್ನೊಮ್ಮೆ ಎಂದ. ಬಿಟ್ಟ. ಮತ್ತೊಮ್ಮೆ ಎಂದಾಗ, ಹೀಗೇ ಎಳೆಯುತ್ತಿದ್ದರೆ ಬಿಲ್ಲೇ ಮುರಿದೀತು ಎಂದ ಬೇಟೆಗಾರ. ಮುಂದೆ ವಿವರಿಸುವುದು ಆಂಟನಿಗೆ ಕಷ್ಟವಾಗಲಿಲ್ಲ.

ಅದೇ ಆಂಟನಿಗೆ ಒಮ್ಮೆ ಜಪತಪಗಳೆಲ್ಲ ಸಾಕೆನಿಸಿ ಮನಸ್ಸು ಕುಸಿದಾಗ, ತನ್ನಂತೆಯೇ ಕಾಣುವ ಒಬ್ಬಾತ ಎದುರಿಗೆ ಕಂಡನಂತೆ. ಆತ ಕೂತು ಹಗ್ಗ ಹೆಣೆಯುವನು, ಎದ್ದು ಪ್ರಾರ್ಥಿಸುವನು, ಮತ್ತೆ ಕೂತು ಹೆಣೆಯುವನು. ಅದು ದೇವದೂತ, ತನಗೆ ಪಾಠ ಹೇಳಲು ಬಂದದ್ದು ಎಂದು ಆಂಟನಿ ತಿಳಿದ. ಪಾಠದಲ್ಲಿ ಗೂಢವೇನೂ ಇಲ್ಲ. ಒಂದು ಕೆಲಸದಿಂದ ದಣಿದವನಿಗೆ ಇನ್ನೊಂದು ಕೆಲಸವೇ ವಿಶ್ರಾಂತಿ.

ಹೀಗೆ ಮನಸ್ಸು ಕುಸಿಯುವುದಕ್ಕೆ ಆ ಸನ್ಯಾಸಿಗಳು ‘ನಡುಹಗಲ ಪಿಶಾಚಿ’ ಎಂದು ಹೆಸರಿಟ್ಟಿದ್ದರು. ನಾಲ್ಕನೇ ಶತಮಾನದ ಎವಾಗ್ರಿಯಸ್ ಇದರ ಲಕ್ಷಣಗಳನ್ನು ವೈದ್ಯನಂತೆ ಬರೆದಿಟ್ಟಿದ್ದಾನೆ. ಹೊತ್ತು ಸರಿಯುವುದೇ ಇಲ್ಲ ಎನಿಸುತ್ತದೆ. ಮತ್ತೆ ಮತ್ತೆ ಕಿಟಕಿಯ ಕಡೆ ಕಣ್ಣು ಹೋಗುತ್ತದೆ. ಯಾರಾದರೂ ಮಾತಿಗೆ ಬಂದಾರೇ ಎಂದು ಇಣುಕಬೇಕೆನಿಸುತ್ತದೆ. ಈ ಜಾಗ ಸರಿಯಿಲ್ಲ, ಜೊತೆಯವರು ಸರಿಯಿಲ್ಲ, ಬೇರೆಡೆ ಹೋದರೆ ಎಲ್ಲ ಸರಿಯಾದೀತು ಎಂಬ ಆಸೆ ಹುಟ್ಟುತ್ತದೆ. ಅಂದಿನ ಕಿಟಕಿಯ ಜಾಗದಲ್ಲಿ ಇಂದು ಮೊಬೈಲ್ ಇದೆ ಎಂಬುದನ್ನು ಬಿಟ್ಟರೆ ಈ ಪಟ್ಟಿಯಲ್ಲಿ ತಿದ್ದುವಂಥದ್ದು ಹೆಚ್ಚಿಲ್ಲ.

ಮರಳುಗಾಡಿನ ಈ ಅನುಭವವನ್ನು ಒಂದು ದಿನಚರಿಯಾಗಿ ಹೊಂದಿಸಿದವನು ಇಟಲಿಯ ಬೆನೆಡಿಕ್ಟ್. ಸುಮಾರು 480ರಲ್ಲಿ ಹುಟ್ಟಿ ಆರನೇ ಶತಮಾನದ ನಡುಭಾಗದಲ್ಲಿ ತೀರಿಕೊಂಡ ಈತ ಮೊಂಟೆ ಕಸ್ಸಿನೊ ಬೆಟ್ಟದ ಮೇಲೆ ಮಠ ಕಟ್ಟಿ, 73 ಅಧ್ಯಾಯಗಳ ನಿಯಮಾವಳಿಯೊಂದನ್ನು ಬರೆದ. ರೋಮಿನ ಹಳೆಯ ವ್ಯವಸ್ಥೆ ಕುಸಿದುಬಿದ್ದಿದ್ದ, ಯುದ್ಧ-ಬರಗಳ ಕಾಲವದು. ನಿಯಮಾವಳಿಯಲ್ಲಿ ಅದರ ಆರ್ಭಟ ಕಾಣುವುದಿಲ್ಲ. ಎಷ್ಟು ಹೊತ್ತಿಗೆ ಏಳಬೇಕು, ಊಟಕ್ಕೆ ಎಷ್ಟು ಪದಾರ್ಥ, ತಡವಾಗಿ ಬಂದವನು ಎಲ್ಲಿ ನಿಲ್ಲಬೇಕು ಎಂಬಂಥ ಮಾತುಗಳೇ ಹೆಚ್ಚು.

‘ಪ್ರಾರ್ಥಿಸು, ದುಡಿ’ ಎಂಬುದು ಬೆನೆಡಿಕ್ಟನ ಘೋಷವಾಕ್ಯವೆಂದು ಎಲ್ಲೆಡೆ ಹೇಳುತ್ತಾರೆ. ನಿಯಮಾವಳಿಯಲ್ಲಿ ಆ ಘೋಷವಾಕ್ಯವಿಲ್ಲ. ಅದು ಬಹಳ ಈಚಿನದು. ಅಷ್ಟೇ ಅಲ್ಲ, ಅದು ಅರ್ಧ ಮಾತು. ಬೆನೆಡಿಕ್ಟನ ದಿನದಲ್ಲಿ ಓದಿಗೂ ಜಾಗವಿತ್ತು. ಬೇಸಿಗೆಯಲ್ಲಿ ಬೆಳಗಿನ ತಂಪಿನಲ್ಲಿ ಮೈದುಡಿಮೆ, ಆಮೇಲೆ ನಡುಹಗಲಿನವರೆಗೆ ಓದು, ಊಟವಾದ ಬಳಿಕ ಹಾಸಿಗೆಯ ಮೇಲೆ ವಿಶ್ರಾಂತಿ, ಮತ್ತೆ ಸಂಜೆಯ ಪ್ರಾರ್ಥನೆಯವರೆಗೆ ದುಡಿಮೆ. ವಿಶ್ರಾಂತಿಯ ಹೊತ್ತಿನಲ್ಲಿ ಓದಬೇಕೆನಿಸಿದವನು ಪಕ್ಕದವನಿಗೆ ತೊಂದರೆಯಾಗದಂತೆ ಓದಿಕೊಳ್ಳಬೇಕು ಎಂಬ ಸೂಚನೆಯೂ ಇದೆ. ಪುಸ್ತಕ ಹಿಡಿದು ಹರಟುತ್ತ ಕೂತವರನ್ನು ಪತ್ತೆಹಚ್ಚಲು ಒಬ್ಬಿಬ್ಬರು ಹಿರಿಯರು ಸುತ್ತು ಹಾಕುತ್ತಿದ್ದರು.

ಈ ದಿನವನ್ನು ಹೊತ್ತು ಹೊತ್ತಿಗೆ ತುಂಡರಿಸುತ್ತಿದ್ದುದು ಮಠದ ಗಂಟೆ. ಸದ್ದು ಕೇಳಿದೊಡನೆ ಕೈಲಿದ್ದುದನ್ನು ಅರ್ಧಕ್ಕೇ ಬಿಟ್ಟು ಹೊರಡಬೇಕು ಎಂಬುದು ನಿಯಮ. ಕನ್ನಡದಲ್ಲಿ ಬಾರಿಸುವುದೂ ಗಂಟೆ, ಹೊತ್ತನ್ನು ಅಳೆಯುವುದೂ ಗಂಟೆ. ಹಾಗಾಗಿ ಈ ನಂಟು ನಮಗೆ ಹೊಸದೇನಲ್ಲ. ಆದರೆ ಎರಡು ಗಂಟೆಗಳ ಕೆಲಸ ಬೇರೆ. ಕಾರ್ಖಾನೆಯ ಗಂಟೆ ಕೆಲಸಕ್ಕೆ ಕರೆಯುತ್ತದೆ. ಮಠದ ಗಂಟೆ ಬಹುಮಟ್ಟಿಗೆ ಕೆಲಸ ನಿಲ್ಲಿಸುವುದಕ್ಕಾಗಿ ಬಾರಿಸುತ್ತಿತ್ತು. ಮುಗಿಯದ ಕೆಲಸವನ್ನು ಮುಗಿಯದಂತೆಯೇ ಬಿಟ್ಟು ಎದ್ದುಹೋಗುವುದು ಎಷ್ಟು ಕಷ್ಟದ ವಿದ್ಯೆ ಎಂಬುದನ್ನು ರಾಗಿ-ಜೋಳದ ರಾಶಿ ಮಾಡಿದವರಿಗೂ ಕಚೇರಿಯ ಕಡತ ನೋಡಿದವರಿಗೂ ಬೇರೆಯಾಗಿ ಹೇಳಬೇಕಿಲ್ಲ.

ನಿಯಮಾವಳಿಯ ಸೊಗಸು ಇರುವುದು ಅದರ ಹಿತಮಿತದಲ್ಲಿ. ಸನ್ಯಾಸಿಗೆ ದ್ರಾಕ್ಷಾರಸ ಸಲ್ಲದು ಎಂದು ಹಿರಿಯರು ಹೇಳಿದ್ದಾರೆ, ಈ ಕಾಲದವರನ್ನು ಒಪ್ಪಿಸುವುದು ಸಾಧ್ಯವಿಲ್ಲ, ಮಿತವಾಗಿಯಾದರೂ ಕುಡಿಯೋಣ ಎನ್ನುತ್ತಾನೆ ಬೆನೆಡಿಕ್ಟ್. ಮಠಾಧಿಪತಿ ಶಿಷ್ಯರನ್ನು ತಿದ್ದುವಾಗ ತುಕ್ಕನ್ನು ಅತಿಯಾಗಿ ಉಜ್ಜಿ ಪಾತ್ರೆಯನ್ನೇ ತೂತು ಮಾಡಬಾರದು ಎಂಬ ಎಚ್ಚರಿಕೆಯೂ ಅವನದೇ. ಮಠದಲ್ಲಿ ತಯಾರಾದ ವಸ್ತುಗಳನ್ನು ಪೇಟೆಯ ದರಕ್ಕಿಂತ ತುಸು ಕಡಿಮೆಗೇ ಮಾರಬೇಕು; ದುರಾಸೆ ಅಲ್ಲಿಂದಲೇ ಒಳಗೆ ಬರುತ್ತದೆ. ಗೊಣಗುವವರನ್ನು ಮಾತ್ರ ಅವನು ಸಹಿಸುವುದಿಲ್ಲ. ಗೊಣಗಾಟದ ವಿರುದ್ಧ ಅವನು ಮತ್ತೆ ಮತ್ತೆ ಬರೆಯುತ್ತಾನೆ.

ನಿಯಮ ಬರೆದವನೇ ನಿಯಮಕ್ಕೆ ಸೋತ ಕಥೆಯೊಂದನ್ನು ಪೋಪ್ ಒಂದನೇ ಗ್ರೆಗರಿ ಆರನೇ ಶತಮಾನದ ಕೊನೆಯಲ್ಲಿ ಬರೆದಿದ್ದಾನೆ. ಬೆನೆಡಿಕ್ಟನ ತಂಗಿ ಸ್ಕೊಲಾಸ್ಟಿಕಾ ವರ್ಷಕ್ಕೊಮ್ಮೆ ಅಣ್ಣನನ್ನು ಕಾಣಲು ಬರುತ್ತಿದ್ದಳು. ಒಂದು ಸಂಜೆ, ಇವತ್ತು ರಾತ್ರಿಯೆಲ್ಲ ಮಾತಾಡೋಣ, ಹೋಗಬೇಡ ಎಂದಳು. ಮಠದ ಹೊರಗೆ ರಾತ್ರಿ ಕಳೆಯುವಂತಿಲ್ಲ ಎಂದ ಅಣ್ಣ. ಆಕೆ ತಲೆ ತಗ್ಗಿಸಿ ಪ್ರಾರ್ಥಿಸಿದಳು. ಗುಡುಗು ಸಿಡಿಲಿನ ಮಳೆ ಸುರಿದು ಅವನು ಹೆಜ್ಜೆ ಕೀಳಲಾಗಲಿಲ್ಲ. ಗೆದ್ದವಳು ತಂಗಿಯೇ, ಏಕೆಂದರೆ ಅವಳ ಪ್ರೀತಿ ಹೆಚ್ಚಿನದಾಗಿತ್ತು ಎನ್ನುತ್ತಾನೆ ಗ್ರೆಗರಿ. ಮೂರೇ ದಿನಕ್ಕೆ ಅವಳು ತೀರಿಕೊಂಡಳು.

ಕರ್ನಾಟಕಕ್ಕೆ ಬೆನೆಡಿಕ್ಟನ ಪರಂಪರೆ ಬಂದದ್ದು ತಡವಾಗಿ. 1955ರಲ್ಲಿ ಭಾರತಕ್ಕೆ ಬಂದ ಇಂಗ್ಲೆಂಡಿನ ಸನ್ಯಾಸಿ ಬೀಡ್ ಗ್ರಿಫಿತ್ಸ್ ಮೊದಲು ನೆಲೆಸಿದ್ದು ಬೆಂಗಳೂರಿನ ಬಳಿಯ ಕೆಂಗೇರಿಯಲ್ಲಿ. 1958ರಲ್ಲಿ ಅವರು ಬೆಲ್ಜಿಯಮ್ಮಿನ ಫ್ರಾನ್ಸಿಸ್ ಆಚಾರ್ಯರ ಜೊತೆ ಸೇರಿ ಕೇರಳದ ಬೆಟ್ಟದ ಮೇಲೆ ಕುರಿಸುಮಲೆ ಆಶ್ರಮ ಆರಂಭಿಸಿದರು. ಅಲ್ಲಿ ಜಪದ ಜೊತೆಗೆ ನಡೆದದ್ದು ಹೈನುಗಾರಿಕೆ. ಕೆಂಗೇರಿಯ ಆಸುಪಾಸಿನಲ್ಲೇ, ಮೈಸೂರು ರಸ್ತೆಯ ಕಡೆ, ಆಶೀರ್ವನಂ ಎಂಬ ಬೆನೆಡಿಕ್ಟನ್ ಮಠ ಬೆಳೆಯಿತು.

ಇಷ್ಟೆಲ್ಲ ಸರಿ, ಸಂಸಾರಸ್ಥನಿಗೆ ಇದರಿಂದೇನು? ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಸನ್ಯಾಸಿಗೆ ಸೊಸೈಟಿಯ ಸಾಲದ ಕಂತಿಲ್ಲ, ಮಗಳ ಮದುವೆಯ ಚಿಂತೆಯಿಲ್ಲ. ಹೊತ್ತನ್ನು ಹಂಚಿಕೊಳ್ಳುವುದಕ್ಕೆ ಮೊದಲು ಆ ಹೊತ್ತು ತನ್ನದಾಗಿರಬೇಕು. ದಿನಗೂಲಿಯವನಿಗೆ ಬಿಡುವೆಂದರೆ ಕೂಲಿಯಿಲ್ಲದ ದಿನ. ಸಮತೋಲನದ ಉಪದೇಶ ಅವನ ಕಿವಿಗೆ ತಮಾಷೆಯಂತೆ ಕೇಳಿಸಿದರೆ ಅಚ್ಚರಿಯಿಲ್ಲ.

ಈ ವಿಷಯದಲ್ಲಿ ಹನ್ನೆರಡನೇ ಶತಮಾನದ ಶರಣರ ದಾರಿ ಬೇರೆ. ಬೆನೆಡಿಕ್ಟನ ಶಿಸ್ತು ಗೋಡೆಯೊಳಗೆ ಹುಟ್ಟಿತು. ಹೊರಗಿನವರು ಅದನ್ನು ತಮ್ಮ ಅಳತೆಗೆ ಹೊಲಿದುಕೊಳ್ಳಬೇಕು. ಕಾಯಕ-ದಾಸೋಹಗಳು ಹುಟ್ಟಿದ್ದೇ ಸಂಸಾರಸ್ಥರ ನಡುವೆ. ಆಯ್ದಕ್ಕಿ ಮಾರಯ್ಯ ಒಂದು ದಿನ ನೆಲದ ಮೇಲೆ ಚೆಲ್ಲಿದ ಅಕ್ಕಿಯನ್ನು ಎಂದಿಗಿಂತ ಹೆಚ್ಚು ಆಯ್ದು ತಂದಾಗ, ಹೆಚ್ಚಾದುದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದವಳು ಮಡದಿ ಲಕ್ಕಮ್ಮ. ಸಾಕು ಎಂಬುದರ ಅಳತೆ ಅಲ್ಲಿ ನಿಶ್ಚಯವಾದದ್ದು ಒಲೆಯ ಮುಂದೆ.

ಒಲೆಯ ಮಾತು ಬಂದಾಗ ಬೆನೆಡಿಕ್ಟನ ಮೂವತ್ತೈದನೇ ಅಧ್ಯಾಯವನ್ನು ನೋಡಬೇಕು. ಅದು ಅಡುಗೆಮನೆಯ ಪಾಳಿಗೆ ಸಂಬಂಧಿಸಿದ್ದು. ಕಾಯಿಲೆಯವರು ಮತ್ತು ಮುಖ್ಯ ಹೊಣೆ ಹೊತ್ತವರನ್ನು ಬಿಟ್ಟು ಯಾರಿಗೂ ಇದರಿಂದ ವಿನಾಯಿತಿ ಇಲ್ಲ. ಅಶಕ್ತರಿಗೆ ಸಹಾಯಕರನ್ನು ಕೊಡಬೇಕು. ಬಡಿಸುವವರು ಹಸಿದು ಗೊಣಗದಿರಲೆಂದು ಊಟಕ್ಕೆ ಮುಂಚೆಯೇ ಅವರಿಗೆ ಒಂದಿಷ್ಟು ರೊಟ್ಟಿ, ಕುಡಿಯಲು ಒಂದಿಷ್ಟು ಹೆಚ್ಚಿಗೆ ಸಿಗಬೇಕು. ಈ ಸೀಮೆಯ ಮನೆಗಳಲ್ಲಿ ಹೊತ್ತು ಮೂಡುವ ಮೊದಲೇ ರೊಟ್ಟಿ ಬಡಿಯಲು ಕೂತು, ಹೊಲಕ್ಕೆ ಬುತ್ತಿ ಕಟ್ಟಿ, ಎಲ್ಲರ ಊಟ ಮುಗಿದ ಮೇಲೆ ಉಣ್ಣುವ ಹೆಣ್ಣುಮಗಳಿಗೆ ಇಂಥ ಪಾಳಿ ಎಂದೂ ಇರಲಿಲ್ಲ. ಎತ್ತಿಗೆ ಸೋಮವಾರ ಸಿಕ್ಕಿತು, ಅವಳಿಗೆ ಸಿಗಲಿಲ್ಲ. ಸನ್ಯಾಸಿಗಳ ಶಿಸ್ತನ್ನು ಮನೆಗೆ ತರುತ್ತೇವೆಂದು ಹೊರಟವರು ನಸುಕಿನ ಧ್ಯಾನದಿಂದ ಆರಂಭಿಸುವುದೇ ಹೆಚ್ಚು. ಈ ಅಧ್ಯಾಯದ ತನಕ ಬಂದವರು ಕಡಿಮೆ.

ಪಾಳಿ ಬದಲಾಗುವುದು ಶನಿವಾರ. ವಾರ ಮುಗಿಸಿದವನು ಅಡುಗೆಮನೆಯನ್ನು ಗುಡಿಸಿ ಸಾರಿಸಬೇಕು, ಎಲ್ಲರೂ ಕೈಕಾಲು ಒರೆಸಿಕೊಂಡ ಬಟ್ಟೆಗಳನ್ನು ಒಗೆಯಬೇಕು. ಆಮೇಲೆ ಅವನೂ ಮುಂದಿನ ವಾರದವನೂ ಕೂಡಿ ಎಲ್ಲರ ಕಾಲು ತೊಳೆಯಬೇಕು. ಪಾತ್ರೆಗಳನ್ನು ತೊಳೆದು, ಒಂದೂ ಒಡೆಯದಂತೆ ಉಗ್ರಾಣಿಗೆ ಒಪ್ಪಿಸಬೇಕು. ಉಗ್ರಾಣಿ ಅವನ್ನು ಹೊಸಬನ ಕೈಗೆ ಕೊಡುತ್ತಾನೆ, ಏನು ಕೊಟ್ಟೆ, ಏನು ಮರಳಿ ಬಂತು ಎಂಬ ಲೆಕ್ಕ ತನಗೆ ತಿಳಿದಿರುವಂತೆ.